‘ಇಲ್ಲೇ ಎಲ್ಲ್ಯೋ ಐತಿ’ ಎಂಬ ಜಾಗ

ನನ್ನ ಅಂಗಡಿಯಲ್ಲಿ ನಟ್ಟು ಬಿಚ್ಚುವ ಹದಿನಾಲ್ಕರ ಪಾನಾ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನನಗೆ ಹೇಳಲು ಬರುವುದಿಲ್ಲ, ತರಲು ಮಾತ್ರ ಬರುತ್ತದೆ. ಬಾಯಿಗೆ ಗೊತ್ತಿಲ್ಲದ ಎಷ್ಟೋ ಸಂಗತಿಗಳು ಕೈಗೆ ಗೊತ್ತಿರುತ್ತವೆ. ಕರೆಂಟು ಹೋದಾಗ ರೊಟ್ಟಿಯ ತುತ್ತು ಮೂಗಿಗೆ ಹೋಗುತ್ತದೆಯೇ? ಹಾಗೆ ನನ್ನ ಕೈ ಸಾಮಾನಿನ ರಾಶಿಯೊಳಗೆ ಹೋಗುತ್ತದೆ, ಒಂದೆರಡು ಸಲ ಗಲಗಲ ಎನ್ನಿಸುತ್ತದೆ, ಬೇಕಾದದ್ದನ್ನು ಹಿಡಿದುಕೊಂಡೇ ಹೊರಗೆ ಬರುತ್ತದೆ. ಕಣ್ಣು ಅಷ್ಟು ಹೊತ್ತು ಗಿರಾಕಿಯ ಜೊತೆ ಮಾತನಾಡುತ್ತಿರುತ್ತದೆ.

ನಾನು ಏಳನೆಯ ಇಯತ್ತೆಯಲ್ಲೇ ಓದು ಬಿಟ್ಟು ಸಾಲಿಗೆ ಶರಣು ಹೊಡೆದು ಬಂದವನು. ಶಲವಡಿಯಲ್ಲಿ ನನ್ನದೊಂದು ತಗಡಿನ ಅಂಗಡಿ ಇದೆ. ಹೊಲದ ಹೊಂಡದ ಪಂಪಿನ ಸುಟ್ಟ ಮೋಟರಿಗೆ ತಂತಿ ಸುತ್ತುತ್ತೇನೆ, ಟ್ರ್ಯಾಕ್ಟರಿನ ಕುಂಟೆ ಕೂರಿಗೆ ಮುರಿದರೆ ಬೆಸೆಯುತ್ತೇನೆ. ನಾನು ಸುತ್ತಿದ ಮೋಟರ್ ಮರಳಿ ಬಂದದ್ದು ಕಡಿಮೆ. ಬಂದರೂ ಅದು ನನ್ನ ತಪ್ಪಲ್ಲ, ಒಣಗಿದ ಹೊಂಡದ ತಪ್ಪು. ಇಂಥ ಅಂಗಡಿಯಲ್ಲಿ ಸಾಮಾನುಗಳ ರಾಶಿ ಇರುವುದು ಅಡುಗೆಮನೆಯಲ್ಲಿ ಮಸಿ ಇದ್ದಷ್ಟೇ ಸಹಜ. ಮಸಿ ಇಲ್ಲದ ಒಲೆಯನ್ನು ಕಂಡರೆ ಆ ಮನೆಯಲ್ಲಿ ಉಪವಾಸವೇನೋ ಎಂದು ನನಗೆ ಅನುಮಾನ ಬರುತ್ತದೆ.

ಇಂಥ ಸುಖದ ರಾಶಿಗೆ ಕಲ್ಲು ಬಿದ್ದದ್ದು ನನ್ನ ಮಗಳ ಸಾಲಿಯ ವಿಜ್ಞಾನದ ಮೇಡಂ ಬಂದ ದಿನ. ಮಗಳು ಸಹನಾ ಒಂಬತ್ತನೆಯ ತರಗತಿ. ಅವಳೂ ಅವಳ ಗೆಳತಿಯರಾದ ರೇಣುಕಾ, ಶಬಾನಾ ಇಬ್ಬರೂ ಸೇರಿ ಒಂದು ರೋಬೋಟು ಮಾಡುತ್ತಿದ್ದರು. ರೋಬೋಟು ಎಂದ ಕೂಡಲೇ ನೀವು ಕೈಕಾಲು ಇರುವ ಕಬ್ಬಿಣದ ಮನುಷ್ಯನನ್ನು ನೆನೆಯಬೇಡಿ. ನಾನೂ ಹಾಗೆ ನೆನೆದು ನಿರಾಶೆಪಟ್ಟವನೇ. ಅದು ಬೆಲ್ಲದ ಪೆಂಟೆಯಷ್ಟು ದೊಡ್ಡ, ಎರಡು ಗಾಲಿಯ ಬಂಡಿ. ನೆಲದ ಮೇಲಿನ ಕರಿ ಗೆರೆಯನ್ನು ನೋಡಿಕೊಂಡು ಹೋಗಬೇಕು, ದಾರಿಯಲ್ಲಿ ಒಂದು ಕಟ್ಟಿಗೆಯ ತುಂಡು ಎತ್ತಿಕೊಳ್ಳಬೇಕು, ಕೊನೆಗೆ ಅದನ್ನು ಡಬ್ಬಿಯೊಳಗೆ ಹಾಕಬೇಕು. ನಮ್ಮೂರಿನ ಎತ್ತುಗಳು ಇದಕ್ಕಿಂತ ಹೆಚ್ಚು ಮಾಡುತ್ತವೆ. ಆದರೆ ಎತ್ತುಗಳಿಗೆ ಧಾರವಾಡದಲ್ಲಿ ಸ್ಪರ್ಧೆ ಇಡುವುದಿಲ್ಲ.

“ಬಸಣ್ಣಾರ, ಸಾಲ್ಯಾಗ ಜಾಗಾ ಇಲ್ರಿ,” ಎಂದರು ಮೇಡಂ. “ಇದ್ದ ಒಂದು ಖೋಲಿ ಸೋರತೈತಿ. ಹೋದ ವರ್ಷ ಹುಡುಗೂರು ವರಾಂಡದಾಗ ಕುಂತು ಮಾಡಿದ್ರು. ಅರ್ಧಾ ಸಾಮಾನು ಕಳದು ಹೋತು, ಸ್ಪರ್ಧಾದಾಗ ನಮ್ಮ ರೋಬೋಟು ನಿಂತಲ್ಲೇ ನಿಂತುಬಿಡ್ತು. ಈ ಸಲನೂ ನಿಂತ್ರ ಸಾಲಿಗೆ ಕೊಟ್ಟ ರೋಬೋಟಿನ ಕಿಟ್ಟು ವಾಪಸ್ ತಗೊಂಡು ಬ್ಯಾರೆ ಸಾಲಿಗೆ ಕೊಡತಾರಂತ. ಮ್ಯಾಲಿಂದ ಮಾತು ಬಂದೈತಿ.”

ಸಹನಾ ಕಿಟ್ಟಿನ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ನಿಂತಿದ್ದಳು, ಯಾರೋ ಆಗಲೇ ಕಸಿಯಲು ಬಂದಿದ್ದಾರೆ ಎಂಬಂತೆ. ನಾನು ಅಂಗಡಿಯ ಕಾಲು ಭಾಗ ಬಿಟ್ಟುಕೊಟ್ಟೆ. ಮಾತಿಗೆ ಕಾಲು ಭಾಗ. ಮೊದಲ ವಾರ ಕಳೆಯುವುದರೊಳಗೆ ಅರ್ಧವಾಯಿತು. ಆಮೇಲೆ ನನ್ನ ವೆಲ್ಡಿಂಗ್ ಯಂತ್ರ ಅಂಗಳಕ್ಕೆ ಬಂತು, ಅದರ ಹಿಂದೆ ನಾನೂ ಬಂದೆ.

ಜಾಗ ಕೊಟ್ಟದ್ದಕ್ಕೆ ಬೇಸರವಿಲ್ಲ. ಬೇಸರವಾದದ್ದು ಅವರು ನನ್ನ ಪದ್ಧತಿಗೆ ಕೈ ಹಚ್ಚಿದಾಗ. ಒಂದು ಸಂಜೆ ಸಹನಾ ಕೇಳಿದಳು:

“ಯಪ್ಪಾ, ನಮ್ಮ ಪಕ್ಕಡ ಎಲ್ಲೈತಿ?”

“ಇಲ್ಲೇ ಎಲ್ಲ್ಯೋ ಐತಿ.”

“‘ಇಲ್ಲೇ ಎಲ್ಲ್ಯೋ’ ಅನ್ನೂದು ಜಾಗಾ ಅಲ್ಲಪಾ.”

ನಾನು ರಾಶಿಗೆ ಕೈ ಹಾಕಿ ಗಲಗಲ ಎನ್ನಿಸಿದೆ. ಪಕ್ಕಡ, ಅಂದರೆ ಅವರ ಇಕ್ಕಳ, ಅಲ್ಲಿ ಇರಲಿಲ್ಲ. ಅದನ್ನು ನಾನು ಹಿಂದಿನ ದಿನ ಹೆಬ್ಬಳ್ಳಿ ಗೌಡರ ಹೊಲಕ್ಕೆ ಪಂಪು ನೋಡಲು ಹೋದಾಗ ಜೇಬಿಗೆ ಹಾಕಿಕೊಂಡು ಹೋಗಿದ್ದೆ, ಅದು ಅಲ್ಲಿಯ ಬದುವಿನ ಮೇಲೆ ತಣ್ಣಗೆ ಕುಳಿತಿತ್ತು.

ಮರುದಿನ ಮೂವರೂ ಸೇರಿ ದನದ ಕೊಟ್ಟಿಗೆಯ ಹಳೆಯ ಬಾಗಿಲನ್ನು ಎಳೆದು ತಂದು ಗೋಡೆಗೆ ನಿಲ್ಲಿಸಿದರು. ಅದಕ್ಕೆ ಮೊಳೆ ಹೊಡೆದು ಒಂದೊಂದು ಸಾಮಾನನ್ನೂ ತೂಗುಹಾಕಿದರು, ಸುತ್ತಲೂ ಅದರ ಆಕಾರದ ಗೆರೆ ಎಳೆದರು. ಸುಣ್ಣದ ಗೆರೆ ಅಳಿಸುತ್ತದೆಂದು ಕೆಂಪು ಉಗುರುಬಣ್ಣದಲ್ಲಿ ಎಳೆದರು! ನನ್ನ ಅಂಗಡಿಗೆ ಗ್ರೀಸಿನ ವಾಸನೆ ಒಂದೇ ಗೊತ್ತಿತ್ತು. ಅಂದಿನಿಂದ ಅಲ್ಲಿ ಮದುವೆಮನೆಯ ವಾಸನೆ ಶುರುವಾಯಿತು. ಗೆಳೆಯ ಇಮಾಮಸಾಬ ಚಹಾಕ್ಕೆ ಬಂದವನು ಮೂಗು ಅರಳಿಸಿ, “ಏನಲೇ ಬಸ್ಯಾ, ಬ್ಯೂಟಿ ಪಾರ್ಲರ್ ಯಾವಾಗ ತಗದಿ? ನನ್ನ ಮೀಸಿನೂ ಒಂದ್ ಸ್ವಲ್ಪ ನೋಡಪಾ,” ಎಂದ.

ಅಷ್ಟಕ್ಕೇ ಮುಗಿಯಲಿಲ್ಲ. ಸಣ್ಣ ನಟ್ಟು, ಬೋಲ್ಟು, ವಾಷರುಗಳಿಗೆ ಮನೆಯ ಮಸಾಲೆ ಡಬ್ಬಿಯೇ ಬಂತು. ಜೀರಿಗೆಯ ಬಟ್ಟಲಲ್ಲಿ ವಾಷರು, ಸಾಸಿವೆಯ ಬಟ್ಟಲಲ್ಲಿ ಸಣ್ಣ ಸ್ಕ್ರೂ, ಖಾರಪುಡಿಯ ಬಟ್ಟಲಲ್ಲಿ ತಂತಿಯ ತುಂಡು. ಎಷ್ಟು ತೊಳೆದರೂ ಖಾರ ಹೋಗಿರಲಿಲ್ಲ, ತಂತಿ ಬೆಸೆಯಲು ಬಗ್ಗಿದಾಗಲೆಲ್ಲ ಶಬಾನಾ ಸೀನುತ್ತಿದ್ದಳು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಕೈ ಸೊಂಟಕ್ಕೆ ಕೊಟ್ಟು, “ನಾಳೆ ಸಾರಿನ್ಯಾಗ ಬೋಲ್ಟು ಸಿಕ್ರ ನನ್ನ ಹೆಸರು ಹೇಳಬ್ಯಾಡ್ರಿ,” ಎಂದಳು. ಹೇಳಿದಳಷ್ಟೇ, ಡಬ್ಬಿ ವಾಪಸ್ಸು ಕೇಳಲಿಲ್ಲ. ಆ ಡಬ್ಬಿಯ ವಿದ್ಯೆ ಹುಡುಗಿಯರಿಗೆ ಬಂದದ್ದು ಅವಳಿಂದಲೇ ಅಲ್ಲವೇ? ಒಗ್ಗರಣೆ ಹೊತ್ತುತ್ತಿರುವಾಗ ಸಾಸಿವೆ ಎಲ್ಲಿ ಎಂದು ಹುಡುಕುವ ಹೆಂಗಸನ್ನು ನಾನು ಇದುವರೆಗೆ ಕಂಡಿಲ್ಲ.

ನಿಜ ಹೇಳಬೇಕೆಂದರೆ, ಆ ಬಾಗಿಲನ್ನು ಬೈಯುತ್ತಲೇ ದಿನಾ ಒಂದಿಷ್ಟು ಹೊತ್ತು ಅದರ ಮುಂದೆ ನಿಂತು ನೋಡುತ್ತಿದ್ದೆ. ಅದರಲ್ಲಿ ಒಂದು ಚಮತ್ಕಾರವಿತ್ತು. ನನ್ನ ರಾಶಿಯಿಂದ ಒಂದು ಪಾನಾ ಕಳೆದರೆ ರಾಶಿಗೆ ಗೊತ್ತೇ ಆಗುವುದಿಲ್ಲ, ಅದು ಮೊದಲಿನಷ್ಟೇ ದೊಡ್ಡದಾಗಿ ಕಾಣುತ್ತದೆ. ಬಾಗಿಲ ಮೇಲೆ ಹಾಗಲ್ಲ. ಇಕ್ಕಳ ಹೋದರೆ ಇಕ್ಕಳದ ಆಕಾರದ ಬರಿದು ಜಾಗ ಉಳಿಯುತ್ತದೆ. ಆ ಬರಿದು ಕೆಂಪು ಬಾಯಿ ತೆರೆದು ‘ಎಲ್ಲಿ?’ ಎಂದು ಕೇಳುತ್ತದೆ. ಎಲ್ಲ ಬಾಯಿಗಳೂ ಮುಚ್ಚುವ ತನಕ ಹುಡುಗಿಯರು ಮನೆಗೆ ಹೋಗುತ್ತಿರಲಿಲ್ಲ. ಬಹಳ ಸಲ ಆ ಬಾಯಿ ಕೇಳುತ್ತಿದ್ದದ್ದು ನನ್ನನ್ನೇ.

ಸಾಮಾನಿನ ಜಾಗವನ್ನು ತಲೆಯೊಳಗೆ ಇಟ್ಟುಕೊಳ್ಳುವ ಗುಣ ನನಗೆ ಹಿರಿಯರಿಂದ ಬಂದದ್ದು. ನಮ್ಮ ಕಡೆ ಹಿಂದೆ ಜೋಳವನ್ನು ಹಗೇವಿನಲ್ಲಿ ಹಾಕುತ್ತಿದ್ದರು. ಹಗೇವು ಎಂದರೆ ನೆಲದೊಳಗೆ ಬಾವಿಯಂತೆ ತೋಡಿದ ಕಣಜ. ಬಾಯಿ ಮುಚ್ಚಿ ಮಣ್ಣೆಳೆದು ಸಾರಿಸಿಬಿಟ್ಟರೆ ಕಳ್ಳನಿಗಿರಲಿ, ಇಲಿಗೂ ಸುಳಿವು ಹತ್ತುವುದಿಲ್ಲ. ನಮ್ಮ ಮುತ್ಯಾ, ಎಂದರೆ ಅಜ್ಜ, ಒಂದು ವರ್ಷ ಹೀಗೆ ಹಗೇವು ಮುಚ್ಚಿ, ಯಾರಿಗೂ ಹೇಳದೆ, ಕಂಬಳಿ ಹೆಗಲಿಗೆ ಹಾಕಿಕೊಂಡು ಶ್ರೀಶೈಲಕ್ಕೆ ಪಾದಯಾತ್ರೆ ಹೋದನಂತೆ. ಇತ್ತ ಮನೆಯಲ್ಲಿ ಜೋಳ ತೀರಿತು. ಹುಡುಕಿ ಹುಡುಕಿ ಅಂಗಳವೆಲ್ಲ ನೇಗಿಲು ಹೊಡೆದ ಹೊಲದಂತಾಯಿತು. ಮುತ್ಯಾ ಮರಳಿ ಬಂದು ನೋಡಿ, “ಅದು ನಾ ಮಲಗೋ ಹೊರಸಿನ ಬುಡಕ ಐತಲ್ಲೋ, ಒಂದ್ ಮಾತು ಕೇಳಬಾರದಾ?” ಎಂದನಂತೆ. ಅಜ್ಜಿ, “ಯಾರ್ನ ಕೇಳೂದು, ಶ್ರೀಶೈಲದ ಮಲ್ಲಯ್ಯನ್ನ ಕೇಳೂದಾ?” ಎಂದಳಂತೆ. ಈ ಕಥೆಯನ್ನು ನಾನು ಹುಡುಗಿಯರಿಗೆ ಮುತ್ಯಾನ ಜಾಣತನ ತೋರಿಸಲೆಂದು ಹೇಳಿದೆ. ಅವರು ಮುತ್ಯಾನನ್ನು ಬಿಟ್ಟು ನನ್ನನ್ನು ನೋಡಿ ನಕ್ಕರು.

ಇರಲಿ. ಸ್ಪರ್ಧೆ ದಸರೆಯ ಬನ್ನಿ ಹಬ್ಬದ ಮರುದಿನಕ್ಕೆ ಬಂತು. ಅದಕ್ಕೂ ಮುಂಚೆ ಖಂಡೇಪೂಜಿ, ಎಂದರೆ ಆಯುಧಪೂಜೆ. ಆ ದಿನ ನಮ್ಮಲ್ಲಿ ಎಲ್ಲ ಸಾಮಾನುಗಳನ್ನೂ ಇದ್ದ ಜಾಗದಿಂದ ಇಳಿಸಿ, ಸೀಮೆಎಣ್ಣೆಯಲ್ಲಿ ತಿಕ್ಕಿ, ಒಂದೆಡೆ ಪೇರಿಸಿ ಪೂಜೆ ಮಾಡುತ್ತೇವೆ. ಸುತ್ತಿಗೆಗೂ ವಿಭೂತಿ, ಅರಕ್ಕೂ ವಿಭೂತಿ. ಹುಡುಗಿಯರ ಬಾಗಿಲೂ ಬರಿದಾಯಿತು. ಬಹಳ ದಿನಗಳ ಮೇಲೆ ನನ್ನ ಅಂಗಡಿಯಲ್ಲಿ ಮತ್ತೆ ಒಂದು ರಾಶಿ ಎದ್ದು ನಿಂತಿತು. ಅದರ ನೆತ್ತಿಯ ಮೇಲೆ ಸೇವಂತಿಗೆ ಮಾಲೆ ಹಾಕಿಕೊಂಡ ರೋಬೋಟು. ನೋಡಿ ನನ್ನ ಕಣ್ಣು ತುಂಬಿತು. ಭಕ್ತಿಯಿಂದ ಎಂದು ಎಲ್ಲರೂ ತಿಳಿದರು.

ಮರುದಿನ ಹುಡುಗಿಯರು ಬನ್ನಿ ಎಲೆ ಕೊಡಲು ಮನೆಮನೆಗೆ ಹೋದಾಗ ಸಾಮಾನು ತುಂಬುವ ಕೆಲಸ ನಾನೇ ಮಾಡಿಬಿಡೋಣ ಎನ್ನಿಸಿತು. ಪಾಪ, ದಣಿದಿರುತ್ತಾರೆ. ತಗಡಿನ ಟ್ರಂಕು ತೆಗೆದೆ. ಎತ್ತಿನ ಚಕ್ಕಡಿ ಹೇರುವ ಪದ್ಧತಿಯಲ್ಲೇ ತುಂಬಿದೆ: ಭಾರದ್ದು ಕೆಳಗೆ, ಹಗುರದ್ದು ಮೇಲೆ. ಸಣ್ಣದೂ ಬೆಲೆಯುಳ್ಳದ್ದೂ ಆದದ್ದನ್ನು ಎಲ್ಲಿಡಬೇಕು? ಬಿತ್ತನೆ ಬೀಜವನ್ನು ಹೇಗಿಡುತ್ತೇವೆ, ಸಂತೆಗೆ ಹೋಗುವಾಗ ಬಂಗಾರವನ್ನು ಹೇಗಿಡುತ್ತೇವೆ? ಬಟ್ಟೆಯಲ್ಲಿ ಗಂಟು ಕಟ್ಟಿ ಎಲ್ಲಕ್ಕಿಂತ ಒಳಗೆ. ರೋಬೋಟಿನ ಗಾಲಿ ಬಿಗಿಯುವ ಬೆರಳುಗಾತ್ರದ ಅಲೆನ್ ಕೀಗಳನ್ನು ಹೆಂಡತಿಯ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಕಟ್ಟಿ, ಎರಡು ಗಂಟು ಬಿಗಿದು, ಟ್ರಂಕಿನ ತಳದ ಮೂಲೆಗೆ ಸೇರಿಸಿದೆ. ಹಿಡಿಕೆಗೆ ಒಂದು ಲಿಂಬೆಹಣ್ಣೂ ಕಟ್ಟಿದೆ. ಸಹನಾ ಬಂದು ನೋಡಿ, “ಎಲ್ಲಾ ಹಾಕೀ ಏನಪಾ?” ಎಂದಳು. “ಒಂದೂ ಬಿಟ್ಟಿಲ್ಲ,” ಎಂದೆ. ಅದು ಅಪ್ಪಟ ಸತ್ಯ.

ಧಾರವಾಡದ ಕಾಲೇಜಿನ ದೊಡ್ಡ ಹಾಲಿನಲ್ಲಿ ಪ್ರತಿ ಸಾಲಿಯ ತಂಡಕ್ಕೂ ಒಂದೊಂದು ಮೇಜು ಕೊಟ್ಟಿದ್ದರು. ಹಗ್ಗದ ಆಚೆ ಹುಡುಗರು, ಈಚೆ ನಾವು. ಒಳಗೆ ಮೇಡಂ ಕೂಡ ಹೋಗುವಂತಿರಲಿಲ್ಲ. ಎರಡು ಸುತ್ತು, ನಡುವೆ ಸ್ವಲ್ಪ ಬಿಡುವು. ಮೊದಲ ಸುತ್ತಿನಲ್ಲಿ ನಮ್ಮ ರೋಬೋಟು ಗೆರೆಯನ್ನು ಬಿಟ್ಟು, ಗಾಣದ ಎತ್ತಿನಂತೆ ಇದ್ದಲ್ಲೇ ಸುತ್ತತೊಡಗಿತು. ಬಸ್ಸಿನ ಕುಲುಕಾಟಕ್ಕೆ ಒಂದು ಗಾಲಿಯ ಸ್ಕ್ರೂ ಸಡಿಲಾಗಿತ್ತು. ನನಗೆ ಇಲ್ಲಿಂದಲೇ ಕಂಡಿತು, ಹುಡುಗಿಯರಿಗೂ ಕಂಡಿತು. ಮೇಡಂ ಸೆರಗಿನ ತುದಿ ಕಚ್ಚಿಕೊಂಡು, “ಹೋತ್ರಿ ಕಿಟ್ಟು,” ಎಂದರು.

ಸಹನಾ ಓಡಿ ಬಂದು ಟ್ರಂಕು ತೆರೆದಳು. ಮೇಲೆ ಟೇಪು, ಅದರ ಕೆಳಗೆ ತಂತಿ, ಅದರ ಕೆಳಗೆ ಇಕ್ಕಳ. ಅಲೆನ್ ಕೀ ಇಲ್ಲ. ರೇಣುಕಾ ಕೈ ಹಾಕಿ ಕಲಕಿದಳು. ಗಲಗಲ ಎಂದಿತು, ಅಷ್ಟೇ. ಆ ಸದ್ದು ಎಷ್ಟು ಬೇರೆಯಾಗಿ ಕೇಳಿತೆಂದರೆ! ನನ್ನ ಕೈ ರಾಶಿಗೆ ಹೋದಾಗ ಅದು ಹಾಡಿನಂತೆ ಕೇಳುತ್ತಿತ್ತು. ಈಗ ನನ್ನ ಬಲಗೈ ತಾನಾಗಿಯೇ ಎದ್ದು ಗಾಳಿಯಲ್ಲಿ ತಳಕ್ಕೆ ಹೋಯಿತು, ಮೂಲೆಗೆ ತಿರುಗಿತು, ಎರಡು ಗಂಟು ಬಿಚ್ಚಿತು. ಎದೆಗೆ ಬಿಲ್ಲೆ ಹಾಕಿಕೊಂಡ ಕಾಲೇಜಿನ ಹುಡುಗನೊಬ್ಬ ಹತ್ತಿರ ಬಂದ.

“ಕಾಕಾ, ಕೈ ಸನ್ನಿ ಮಾಡಬ್ಯಾಡ್ರಿ. ಹೊರಗಿನವರು ಹೇಳಿಕೊಟ್ರ ತಂಡ ಹೊರಗ ಹಾಕತಾರ.”

ಹೊರಗಿನವರು! ಅಂಗಡಿ ನನ್ನದು, ಟ್ರಂಕು ನನ್ನದು, ಗಂಟು ನನ್ನದು, ಮಗಳೂ ನನ್ನವಳು. ಆದರೂ ಮಾತು ಸರಿ ಇತ್ತು. ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡು ನಿಂತೆ. ಅವಕ್ಕೆ ಅಲ್ಲಿ ಏನೂ ಕೆಲಸವಿರಲಿಲ್ಲ.

ಆಗ ಸಹನಾ ಮಾಡಿದ್ದನ್ನು ನೋಡಿ ನನ್ನ ಜೀವ ಹಾರಿಹೋಯಿತು. ಹುಡುಕುವುದನ್ನು ಬಿಟ್ಟು, ತನ್ನ ಹೆಗಲ ಮೇಲಿನ ಓಡ್ನಿಯನ್ನು ಮೇಜಿನ ಮೇಲೆ ಹಾಸಿ, ಟ್ರಂಕನ್ನು ಎತ್ತಿ ಅದರ ಮೇಲೆ ಬೋರಲು ಹಾಕಿದಳು. ಇಡೀ ಹಾಲು ತಿರುಗಿ ನೋಡಿತು. ಮೂವರೂ ಒಂದೊಂದೇ ಸಾಮಾನನ್ನು ಎತ್ತಿ ಓಡ್ನಿಯ ಮೇಲೆ ಸಾಲಾಗಿ ಇಡತೊಡಗಿದರು. ಬಾಗಿಲ ಮೇಲೆ ಇದ್ದ ಸಾಲೇ ಸಾಲು, ಎಡಕ್ಕಿದ್ದದ್ದು ಎಡಕ್ಕೆ, ಬಲಕ್ಕಿದ್ದದ್ದು ಬಲಕ್ಕೆ. ಬಿಡುವಿನ ಹೊತ್ತು ಕರಗುತ್ತಿತ್ತು. ‘ಗಾಲಿ ನೋಡ್ರೆ ಮದಲ, ಪೂಜಾ ಕಟ್ಟಾಕ ಕುಂತೀರಲ್ಲ!’ ಎಂದು ನಾನು ಹಲ್ಲು ಕಡಿದುಕೊಂಡೆ. ಮೇಡಂ ಕಣ್ಣು ಮುಚ್ಚಿಕೊಂಡಿದ್ದರು.

ಎಲ್ಲವೂ ಸಾಲಿಗೆ ಬಂದ ಮೇಲೆ ಎರಡು ಸಂಗತಿ ಉಳಿದವು. ಓಡ್ನಿಯ ಮೇಲೆ ಅಲೆನ್ ಕೀಯಷ್ಟು ಬರಿದು ಜಾಗ. ಮೇಜಿನ ತುದಿಗೆ, ಯಾವ ಜಾಗಕ್ಕೂ ಸೇರದ ಒಂದು ಇಳಕಲ್ ಗಂಟು. ಸಹನಾ ಅದನ್ನೂ ಇದನ್ನೂ ಒಮ್ಮೆ ನೋಡಿದಳು.

“ಇದು ನಮ್ಮಪ್ಪನ ಕೆಲಸ,” ಎಂದಳು, ಹಗ್ಗದ ಈಚೆಗೂ ಕೇಳುವಷ್ಟು ಗಟ್ಟಿಯಾಗಿ. ಗಂಟನ್ನು ಹಲ್ಲಿನಿಂದ ಕಚ್ಚಿ ಎಳೆದಳು. ನಾನು ಕಟ್ಟಿದ ಗಂಟು ಅಷ್ಟು ಸುಲಭಕ್ಕೆ ಬಿಚ್ಚುವುದಿಲ್ಲ. ಜೀವನದಲ್ಲಿ ಮೊದಲ ಸಲ ಅದಕ್ಕೆ ಹೆಮ್ಮೆ ಪಡಲಿಲ್ಲ. ಶಬಾನಾ ಗಾಲಿ ಹಿಡಿದಳು, ರೇಣುಕಾ ಸ್ಕ್ರೂ ಬಿಗಿದಳು, ಸೀಟಿ ಕೂಗಿತು.

ಎರಡನೆಯ ಸುತ್ತಿನಲ್ಲಿ ರೋಬೋಟು ಗೆರೆ ಹಿಡಿದು ಹೋಯಿತು. ತಿರುವಿನಲ್ಲಿ ಒಮ್ಮೆ ಅನುಮಾನಿಸಿತು, ಸಂತೆಯಲ್ಲಿ ದರ ಕೇಳಿದವರಂತೆ ನಿಂತು ಮತ್ತೆ ಹೊರಟಿತು. ಕಟ್ಟಿಗೆಯ ತುಂಡನ್ನು ಎತ್ತಿತು, ಒಯ್ದು ಡಬ್ಬಿಗೆ ಹಾಕಿತು. ಇಮಾಮಸಾಬನಿಗೆ ಫೋನಿನಲ್ಲಿ ಹೇಳುವಾಗ ನಾನು ಇದನ್ನೇ ಬೆಟ್ಟ ಎತ್ತಿದಂತೆ ವರ್ಣಿಸಿದೆ. ಬಹುಮಾನ ನಮಗೆ ಬರಲಿಲ್ಲ, ನಮ್ಮದಕ್ಕಿಂತ ಜೋರಾಗಿ ಓಡಿದವು ಬಹಳ ಇದ್ದವು. ಆದರೆ ನಿಂತಲ್ಲೇ ನಿಂತಿತು ಎಂದು ಯಾರೂ ಹೇಳುವಂತಿರಲಿಲ್ಲ. ಮೇಡಂ ಅಲ್ಲಿಂದಲೇ ಕಿಟ್ಟು ಕೊಟ್ಟ ಮೇಲಿನ ಸಾಹೇಬರಿಗೆ ಫೋನು ಹಚ್ಚಿದರು. ಅತ್ತಲಿಂದ ಬಂದ ಮಾತು ನಮಗೂ ಕೇಳಿತು: “ಹಂಗಾದ್ರ ಕಿಟ್ಟು ನಿಮ್ಮಲ್ಲೇ ಇರ್ಲಿ ಬಿಡ್ರಿ.” ಮೂವರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಕಿರುಚಿದ ಕಿರುಚಾಟಕ್ಕೆ ಪಕ್ಕದ ಮೇಜಿನ ರೋಬೋಟು ತಾನಾಗಿಯೇ ಚಾಲೂ ಆಯಿತು ಎಂದು ರೇಣುಕಾ ಇವತ್ತಿಗೂ ಆಣೆ ಮಾಡುತ್ತಾಳೆ.

ಮರಳುವಾಗ ಬಸ್ಸಿನಲ್ಲಿ ಹುಡುಗಿಯರು ಟ್ರಂಕನ್ನು ನನ್ನ ತೊಡೆಯ ಮೇಲಿಟ್ಟು ಮಲಗಿಬಿಟ್ಟರು. ನಾನು ಕಿಟಕಿಯ ಆಚೆ ಕಪ್ಪು ಹೊಲಗಳನ್ನು ನೋಡುತ್ತ ಒಂದೇ ಸಂಗತಿಯನ್ನು ಮತ್ತೆ ಮತ್ತೆ ನೆನೆಯುತ್ತಿದ್ದೆ. ಅಷ್ಟೆಲ್ಲ ಆಯಿತಲ್ಲ, ಕೀ ಸಿಗಲಿಲ್ಲ, ಹೊತ್ತು ಮೀರುತ್ತಿತ್ತು, ಇಡೀ ಹಾಲು ನೋಡುತ್ತಿತ್ತು. ಅಷ್ಟು ಹೊತ್ತಿನಲ್ಲಿ ಸಹನಾ ಒಮ್ಮೆಯೂ ತಿರುಗಿ ನನ್ನ ಮುಖ ನೋಡಲಿಲ್ಲ. ತನ್ನ ಮುಂದಿನ ಮೇಜನ್ನು ನೋಡಿದಳು, ಗೆಳತಿಯರನ್ನು ನೋಡಿದಳು, ಕೆಲಸ ಮುಗಿಸಿದಳು. ಮಕ್ಕಳು ನಮ್ಮ ಮುಖ ನೋಡದೆ ಕೆಲಸ ಮಾಡುವಂತಾಗಲಿ ಎಂದೇ ಅಲ್ಲವೇ ನಾವು ಅವರನ್ನು ಸಾಲಿಗೆ ಕಳಿಸುವುದು, ಅಂಗಡಿ ಬಿಟ್ಟುಕೊಟ್ಟು ಅಂಗಳದಲ್ಲಿ ಕೂರುವುದು?

ಆದರೂ ಒಂದು ಸಲ ನೋಡಿದ್ದರೆ ಏನೂ ಅಡ್ಡಿ ಇರಲಿಲ್ಲ.