ಇಲಿ ಕಡಿದ ವೈರಲ್ಲ

ತಿಮ್ಮೇಶನಿಗೆ ತಾಳ್ಮೆ ಇಲ್ಲ. ಇದ್ದಿದ್ದರೆ ಅವನ ಶೆಡ್ಡಿಗೆ ಇಷ್ಟು ಹೊತ್ತಿಗೆ ಸಿಮೆಂಟಿನ ನೆಲವಾದರೂ ಆಗಿರುತ್ತಿತ್ತು ಎನ್ನುತ್ತಾರೆ ಅರಸೀಕೆರೆಯ ಹುಳಿಯಾರು ರಸ್ತೆಯ ಉಳಿದ ಮೆಕ್ಯಾನಿಕ್‌ಗಳು.

ಮಾರ್ಚ್ ತಿಂಗಳ ಒಂದು ಬೆಳಗು. ಪೂರ್ತಿ ಬೆಳಕಾಗಿಲ್ಲ. ಶೆಡ್ಡಿನ ಮುಂದೆ ಹತ್ತು ಚಕ್ರದ ಹಳೆಯ ಲಾರಿಯೊಂದು ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿದೆ. ಡ್ರೈವರ್ ಸೀಟಿನಲ್ಲಿ ಕೂತ ತಿಮ್ಮೇಶ್ ಎಸಿಯ ಗುಂಡಿ ಒತ್ತಿ, ಕಣ್ಣು ಮುಚ್ಚಿ, ಕಿವಿಗೊಟ್ಟಿದ್ದಾನೆ. ಗಾಳಿ ಜೋರಾಗಿಯೇ ಬರುತ್ತಿದೆ. ಆದರೆ ಎಂಜಿನ್ನಿನ ಕಾವಿಗೆ ಒಲೆಯ ಮುಂದೆ ಕೂತಷ್ಟು ಬಿಸಿ.

"ಗ್ಯಾಸ್ ಖಾಲಿಯಾಗೈತೆ ಅಣ್ಣ. ತುಂಬ್ಸಿಬಿಟ್ರೆ ಹೊಂಟೋಗ್ತೀನಿ," ಕೆಳಗೆ ನಿಂತ ಚಿದಂಬರ ಹೇಳುತ್ತಾನೆ. ಹಾರನಹಳ್ಳಿಯವನು, ಈ ಲಾರಿಯ ಡ್ರೈವರ್.

"ಗೊತ್ತಿದ್ರೆ ನೀನೇ ತುಂಬ್ಸ್ಕೊ. ಇಲ್ಲಾಂದ್ರೆ ಬಾಯ್ ಮುಚ್ಕೊಂಡ್ ನಿಂತ್ಕೊ. ನಾನು ಕೇಳಿಸ್ಕೊಬೇಕು."

ತಿಮ್ಮೇಶ್ ಕಾಯುತ್ತಿರುವುದು 'ಟಕ್' ಎಂಬ ಒಂದು ಸದ್ದಿಗೆ. ಗುಂಡಿ ಒತ್ತಿದಾಗ ಎಂಜಿನ್ ಪಕ್ಕದ ಕಂಪ್ರೆಸರ್ ಹಿಡಿದುಕೊಳ್ಳುವ ಸದ್ದು ಅದು. ಅದು ಹಿಡಿದರೆ ಗ್ಯಾಸ್ ಓಡಾಡುತ್ತದೆ, ಗಾಳಿ ತಣ್ಣಗಾಗುತ್ತದೆ. ಸದ್ದು ಬರುವುದಿಲ್ಲ.

ಚಿದಂಬರನ ಆತುರಕ್ಕೆ ಕಾರಣವಿದೆ. ಸಂಜೆ ಎಳನೀರು ತುಂಬಿಸಿಕೊಂಡು ರಾತ್ರಿ ಹೊರಟರೆ ಹೈದರಾಬಾದಿನ ದಾರಿಯಲ್ಲಿ ಸಿಂಧನೂರು, ಮಾನ್ವಿ ಬರುವುದು ನಡುಮಧ್ಯಾಹ್ನಕ್ಕೆ. ಮರದ ಕೆಳಗೆ ನಿಲ್ಲಿಸಿ ಬಿಸಿಲು ಇಳಿಯಲಿ ಎಂದು ಕಾಯುವಂತಿಲ್ಲ, ಎಳನೀರು ಕಾಯುವುದಿಲ್ಲ. ಅವನು ಈ ಕೆಲಸಕ್ಕೆ ಸೇರಿದ್ದು ಮಳೆಗಾಲದಲ್ಲಿ. ಈಗ ಬರುತ್ತಿರುವುದು ಈ ಲಾರಿಯಲ್ಲಿ ಅವನ ಮೊದಲ ಬೇಸಿಗೆ. "ಎಸಿ ಗಾಡಿ ಕೊಡ್ತೀನಿ ಬಾ ಅಂತಾನೇ ಕರೆದ್ರು ಸಾವ್ಕಾರ್ರು. ಹಿಂದಿನ ಗಾಡೀಲಿ ಒಂದ್ಸಲ ರಾಯಚೂರಿನ ಹತ್ರ ಕಣ್ಣು ಕತ್ತಲೆ ಬಂದ್ಬಿಡ್ತು. ಅದಕ್ಕೇ ಆ ಕೆಲ್ಸ ಬಿಟ್ಟು ಇಲ್ಲಿ ಸೇರ್ಕೊಂಡೆ."

ತಿಮ್ಮೇಶ್ ಹಳೇಬೀಡಿನವನು. ಕಸುಬು ಕಲಿತದ್ದು ಬೇಲೂರಿನ ಒಂದು ಕಾರ್ ಎಸಿ ಅಂಗಡಿಯಲ್ಲಿ. ಅಲ್ಲಿಗೆ ಬರುತ್ತಿದ್ದುದೆಲ್ಲ ಪ್ರವಾಸಿಗರ ಟ್ಯಾಕ್ಸಿ. ದೇವಸ್ಥಾನ ನೋಡಲು ಬಂದವರು ಇಳಿದ ಕೂಡಲೇ ಡ್ರೈವರ್‌ಗಳು ಎಸಿ ಆರಿಸಿ, ನಾಲ್ಕೂ ಬಾಗಿಲು ತೆರೆದು, ಕಾಲು ಹೊರಗೆ ಚಾಚಿ ಬೆವರುತ್ತ ಕೂರುತ್ತಿದ್ದರು. ಬಂದವರು ವಾಪಸಾಗುವುದು ಕಂಡರೆ ಲಗುಬಗೆಯಿಂದ ಬಾಗಿಲು ಹಾಕಿ ಮತ್ತೆ ಹಚ್ಚುತ್ತಿದ್ದರು. "ಎಸಿ ರಿಪೇರಿ ಮಾಡೋನು ನಾನು, ಗಾಡಿ ಓಡ್ಸೋನು ಅವನು, ತಣ್ಣಗೆ ಕೂರೋನು ಇನ್ಯಾವನೋ. ನೋಡಿ ನೋಡಿ ತಲೆ ಕೆಟ್ಹೋಯ್ತು," ಎನ್ನುತ್ತಾನೆ. ಲಾರಿಗೂ ಎಸಿ ಬರುತ್ತಿದೆ ಎಂದು ಗೊತ್ತಾದಾಗ ಅರಸೀಕೆರೆಗೆ ಬಂದು ಶೆಡ್ ಹಾಕಿದ. ಲಾರಿಯ ಕ್ಯಾಬಿನ್ನಿನಲ್ಲಿ ಡ್ರೈವರ್ ಬಿಟ್ಟರೆ ಬೇರೆ ಯಾರು ಕೂರುತ್ತಾರೆ ಎಂಬುದು ಅವನ ಲೆಕ್ಕ.

ಅವನ ಎಡಗೈಯ ಚರ್ಮ ಮೊಣಕೈವರೆಗೆ ಸುಟ್ಟು ಸುಕ್ಕಾಗಿದೆ. ಅಡುಗೆ ಗ್ಯಾಸ್ ಅಗ್ಗ ಎಂದು ಯಾರೋ ಅದನ್ನೇ ಒಂದು ಲಾರಿಯ ಎಸಿಗೆ ತುಂಬಿ ಕಳಿಸಿದ್ದರು. ಇವನು ಪೈಪು ಬಿಚ್ಚಿದಾಗ ಹತ್ತಿಕೊಂಡಿತು. ಅಂದಿನಿಂದ ಒಂದು ಹಠ: ತಪ್ಪು ಎಲ್ಲಿದೆ ಎಂದು ಸಿಗುವವರೆಗೆ ಗ್ಯಾಸ್ ಮುಟ್ಟುವುದಿಲ್ಲ. ಗ್ಯಾಸ್ ಹಾಕಿ ಕಳಿಸುವ ಅಂಗಡಿಗಳು ಅದೇ ರಸ್ತೆಯಲ್ಲಿವೆ. ಅಲ್ಲಿ ಅರ್ಧ ಗಂಟೆಯ ಕೆಲಸ, ಇಲ್ಲಿ ಇಡೀ ದಿನ. ಅಲ್ಲಿ ಕುರ್ಚಿ ಹಾಕಿ ಟೀ ಕೊಡುತ್ತಾರೆ, ಇಲ್ಲಿ ಬೈಗುಳ.

ಇವತ್ತೂ ಮೊದಲು ಗೇಜ್ ಜೋಡಿಸುತ್ತಾನೆ. ಮುಳ್ಳು ಮೇಲಕ್ಕೇಳುತ್ತದೆ. ಗ್ಯಾಸ್ ಇದೆ, ಸ್ವಲ್ಪ ಕಡಿಮೆ ಅಷ್ಟೆ. "ನೋಡ್ಲಾ ಡಾಕ್ಟ್ರೇ, ಖಾಲಿಯಂತೆ ಖಾಲಿ!" ಆಮೇಲೆ ಫ್ಯೂಸ್ ನೋಡುತ್ತಾನೆ, ಸರಿಯಿದೆ. ಕಂಪ್ರೆಸರಿಗೆ ಹೋಗುವ ವೈರಿಗೆ ಬಲ್ಬ್ ಹಿಡಿದರೆ ಉರಿಯುವುದಿಲ್ಲ. ಕರೆಂಟು ಅಲ್ಲಿಗೆ ಬರುತ್ತಲೇ ಇಲ್ಲ. ಆ ವೈರನ್ನು ಕೈಯಲ್ಲೇ ತಡವುತ್ತ ಹಿಂದೆ ಹಿಂದೆ ಹೋಗುತ್ತಾನೆ. ಸ್ಟೀರಿಂಗ್ ಕೆಳಗೆ ಅಂಗಾತ ಮಲಗಿ ಟಾರ್ಚ್ ಬಿಡುತ್ತಾನೆ.

ವೈರು ನಡುವೆ ತುಂಡಾಗಿದೆ. ಎರಡೂ ತುದಿಗೆ ಬೇರೆ ಬೇರೆಯಾಗಿ ಕಪ್ಪು ಟೇಪ್ ಸುತ್ತಿ, ಮಡಚಿ, ದಾರದಲ್ಲಿ ಕಟ್ಟಿ, ಹೊರಗೆ ಕಾಣದಂತೆ ಒಳಗೆ ತುರುಕಲಾಗಿದೆ.

ಮಲಗಿದ ಕಡೆಯಿಂದಲೇ ಲಾರಿಯ ಮಾಲೀಕ ಬಸವಕುಮಾರನಿಗೆ ಫೋನ್ ಹಚ್ಚುತ್ತಾನೆ. ಬಸವಕುಮಾರ್ ಎಳನೀರಿನ ವ್ಯಾಪಾರಿ. ಅವನ ಆರು ಲಾರಿಗಳ ವೈರಿಂಗ್, ಎಸಿ ಕೆಲಸವೆಲ್ಲ ಈ ಶೆಡ್ಡಿನಲ್ಲೇ. ತಿಮ್ಮೇಶನ ಒಲೆ ಉರಿಯುವುದು ಹೆಚ್ಚುಕಡಿಮೆ ಅದರಿಂದಲೇ. ಚಿದಂಬರನಿಗೂ ಕೇಳಲಿ ಎಂದು ಫೋನಿನ ಸ್ಪೀಕರ್ ಹಾಕುತ್ತಾನೆ.

"ಸಾವ್ಕಾರ್ರೆ, ವೈರ್ ಯಾಕ್ ಕತ್ತರ್ಸಿದ್ರಿ?"

"ಯಾವ್ ವೈರಯ್ಯಾ? ಬೆಳಬೆಳಗ್ಗೇನೇ ಹಾಕ್ಕೊಂಡ್ ಬಂದಿದ್ದೀಯಾ?"

"ಎಸಿ ವೈರು. ಇಲಿ ಕಡಿದಿದ್ದಲ್ಲ ಕಣ್ರೀ ಇದು. ಇಲಿ ಟೇಪ್ ಸುತ್ತಲ್ಲ."

ಆ ಕಡೆಯಿಂದ ನಗು. "ಓ, ಅದಾ! ಲೋಕೇಶನ ಕೆಲ್ಸ ಅದು. ಹಿಂದಿನ ಡ್ರೈವರ್ರು. ಎಸಿ ಹಾಕ್ಕೊಂಡು ಓಡಿಸ್ದ, ಆವರೇಜ್ ಬರ್ಲಿಲ್ಲ, ಬಾಟಾದಲ್ಲಿ ಹಿಡ್ಕೊಂಡೆ. ಕಣ್ಣೆದ್ರಿಗೆ ಗುಂಡಿ ಇದ್ರೆ ಕೈ ತಡೆಯಲ್ಲ ಅಂತ ಅವನೇ ಕತ್ತರ್ಸ್ಕೊಂಡ. ಎಸಿ ಹಾಕ್ಬ್ಯಾಡ ಅಂತ ನಾನು ಯಾರಿಗಾದ್ರೂ ಅಂದಿದ್ದೀನಾ, ಕೇಳು ಬೇಕಾದ್ರೆ."

ಆವರೇಜ್ ಎಂದರೆ ಒಂದು ಲೀಟರ್ ಡೀಸೆಲ್‌ಗೆ ಲಾರಿ ಇಷ್ಟು ಕಿಲೋಮೀಟರ್ ಓಡಬೇಕೆಂದು ಮಾಲೀಕ ಕಟ್ಟಿಕೊಟ್ಟ ಲೆಕ್ಕ. ಅದರ ಮೇಲೆ ಸುಟ್ಟ ಡೀಸೆಲ್ ಡ್ರೈವರ್‌ನ ಬಾಟಾದಿಂದ, ಅಂದರೆ ದಾರಿಖರ್ಚಿಗೆ ಕೊಡುವ ಹಣದಿಂದ, ಕಳೆದುಹೋಗುತ್ತದೆ. ಎಸಿ ಹಚ್ಚಿದರೆ ಎಂಜಿನ್ ಹೆಚ್ಚು ಕುಡಿಯುತ್ತದೆ. ಲೆಕ್ಕ ಮಾತ್ರ ಎಸಿ ಇಲ್ಲದ್ದು.

"ಬೇಸಿಗೆ ಮುಗಿಯೋವರ್ಗೆ ಒಂದಿಷ್ಟು ಡೀಸೆಲ್ ಜಾಸ್ತಿ ಬಿಡಿ ಸಾವ್ಕಾರ್ರೆ. ಎಳನೀರಿಗೆ ಒದ್ದೆ ಗೋಣಿ ಹೊದಿಸ್ತೀರಿ. ಓಡ್ಸೋನು ಮನುಷ್ಯ ಅಲ್ವಾ?"

"ಎಳನೀರು ಕೆಟ್ರೆ ದುಡ್ಡು ನೀನ್ ಕೊಡ್ತೀಯಾ? ಗಾಡಿ ಅದೇ, ರೋಡ್ ಅದೇ. ಆವರೇಜ್ ಹೆಂಗಯ್ಯ ಬದ್ಲಾಗುತ್ತೆ?"

"ಮತ್ತೆ ಎಸಿ ಗಾಡಿ ಅಂತ ಇವನನ್ನ ಯಾಕೆ ಕರ್ಕೊಂಡ್ರಿ?"

"ಎಸಿ ಗಾಡೀನೇ ತಾನೆ ಅದು?"

ತಿಮ್ಮೇಶ್ ಎದ್ದು ಕೂರುತ್ತಾನೆ. ತಲೆ ಸ್ಟೀರಿಂಗಿಗೆ ಬಡಿಯುತ್ತದೆ. "ಇದೊಂದು ಮಾಡ್ಕೊಡ್ತೀನಿ. ಇನ್ಮೇಲೆ ನಿಮ್ಮ ಒಂದ್ ಗಾಡೀನೂ ನನ್ನ ಶೆಡ್ ಹತ್ರ ಬರ್ಕೂಡ್ದು!"

"ಬರಲ್ಲ ಬಿಡಯ್ಯ," ಎನ್ನುತ್ತಾನೆ ಬಸವಕುಮಾರ್. ಸಿಟ್ಟಿಲ್ಲದ ದನಿ. ಫೋನ್ ಇಡುತ್ತಾನೆ.

ಚಿದಂಬರ ಕೆಳಗೆ ಉರುಳಿದ ಟಾರ್ಚ್ ಎತ್ತಿ ಅವನ ಕೈಗಿಡುತ್ತಾನೆ.

ವೈರು ಕೂಡಿಸಿದ ಮೇಲೂ ಕೆಲಸ ಮುಗಿಯಲಿಲ್ಲ. 'ಟಕ್' ಬಂತು, ಆದರೆ ಗೇಜಿನ ಮುಳ್ಳು ಮಿತಿ ಮೀರಿ ಏರಿತು. ರೇಡಿಯೇಟರ್ ಮುಂದೆ ಇರುವ ಕಂಡೆನ್ಸರ್ ಎಂಬ ಜಾಲರಿಯಲ್ಲೇ ಎಸಿಯ ಬಿಸಿ ಹೊರಗೆ ಹೋಗಬೇಕು. ಎಳನೀರಿಲ್ಲದ ದಿನಗಳಲ್ಲಿ ಈ ಲಾರಿ ತೆಂಗಿನ ನಾರಿನ ಮಿಲ್ಲುಗಳಿಗೆ ಓಡುತ್ತಿತ್ತು. ಜಾಲರಿಯ ತುಂಬ ನಾರಿನ ಪುಡಿ ಕೂತು ಕಂಬಳಿಯಂತೆ ಗಟ್ಟಿಯಾಗಿತ್ತು. ತಿಮ್ಮೇಶ್ ಅದನ್ನು ಬಿಚ್ಚಿ, ಹಿಂದಿನಿಂದ ನೀರು ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಸಾಲು ತಿಕ್ಕಿದ. ಓಡದೆ ಕೂತಿದ್ದ ಕಂಪ್ರೆಸರಿನ ಸೀಲು ಒಣಗಿ ಸೋರುತ್ತಿತ್ತು. ಶಾಂಪೂ ನೊರೆ ಬಳಿದಾಗ ಗುಳ್ಳೆ ಎದ್ದು ಜಾಗ ತೋರಿಸಿತು. ಸೀಲು ಬದಲಿಸಿ, ಪೈಪಿನೊಳಗಿನ ಗಾಳಿ ಎಳೆಸಿ, ಕೊನೆಗೆ ಗ್ಯಾಸ್ ಹಾಕುವಾಗ ಹೊತ್ತು ಇಳಿದಿತ್ತು.

ಚಿದಂಬರ ಒಳಗೆ ಕೂತು ಎರಡೂ ಕಡೆಯ ಗಾಜು ಏರಿಸಿದ. ಗಾಳಿ ತಣ್ಣಗೆ ಮುಖಕ್ಕೆ ಬಡಿಯಿತು. ಹೆಂಡತಿ ಅಣ್ಣಮ್ಮನಿಗೆ ಫೋನ್ ಮಾಡಿ, ಫೋನನ್ನು ಗಾಳಿಯ ಕಿಂಡಿಗೆ ಹಿಡಿದ. "ಗೊತ್ತಾಯ್ತಾ?"

"ಬರ್ರ್ ಅಂತೈತೆ. ತಣ್ಣಗಿರೋದು ಫೋನಲ್ಲಿ ಬತ್ತದಾ? ಸುಮ್ನೆ ಗಾಡಿ ಓಡ್ಸಿ," ಎಂದಳು ಅಣ್ಣಮ್ಮ.

ತಿಮ್ಮೇಶ್ ಅವತ್ತು ನಕ್ಕದ್ದು ಅದೊಂದು ಸಲ.

ಆ ವಾರವೇ ಬಸವಕುಮಾರನ ಉಳಿದ ಲಾರಿಗಳು ಬೇರೆ ಶೆಡ್ಡಿಗೆ ಹೋದವು. ಏಪ್ರಿಲ್ ಕೊನೆಯಲ್ಲಿ, ಮತ್ತೆ ಒಂದು ಬೆಳಗ್ಗೆ, ಚಿದಂಬರ ಲಾರಿ ತಂದು ನಿಲ್ಲಿಸಿದ. ಎಸಿ ಚೆನ್ನಾಗಿ ಓಡುತ್ತಿತ್ತು. ಅದೇ ತೊಂದರೆಯಾಗಿತ್ತು.

"ಅಣ್ಣ, ಆ ವೈರ್ ಕಿತ್ತಾಕ್ಬಿಡಿ."

"ಗುಂಡಿ ಆರ್ಸ್ಕೊಳಯ್ಯ. ವೈರ್ ಏನ್ ಮಾಡ್ತು ನಿಂಗೆ?"

"ಆರ್ಸೇ ಇರ್ತೀನಿ. ಸಿಂಧನೂರು ಬತ್ತಿದ್ದಂಗೆ ಕೈ ತಾನೇ ಹೋಗ್ತೈತೆ. ಈ ತಿಂಗ್ಳು ಬಾಟಾ ಅರ್ಧಕ್ಕರ್ಧ ಹೋಯ್ತು. ಮನೇಗೆ ಏನ್ ಉಳ್ಸಿ ಕೊಡ್ಲಿ?"

"ನಾನು ಕೂಡ್ಸೋನು ಕಣ್ಲಾ, ಕತ್ತರ್ಸೋನಲ್ಲ! ಸಾಯಕ್ಕೆ ಹೋಗ್ತಾ ಇದ್ದೀಯಾ? ಹೋಗು. ನನ್ನ ಕೈಲಿ ಮಾಡ್ಸ್ಬ್ಯಾಡ." ಇಡೀ ರಸ್ತೆಗೆ ಕೇಳುವಂತೆ ಬೈದ. ಪಕ್ಕದ ಟೀ ಅಂಗಡಿಯವರು ಲೋಟ ಹಿಡಿದುಕೊಂಡೇ ಎದ್ದು ನಿಂತರು.

ಚಿದಂಬರ ಬೆಂಚಿನ ಮೇಲಿದ್ದ ಕಟಿಂಗ್ ಪ್ಲೇಯರ್ ತೆಗೆದುಕೊಂಡು ಕ್ಯಾಬಿನ್ ಹತ್ತಿದ. ಸ್ವಲ್ಪ ಹೊತ್ತಿನ ಮೇಲೆ ತಲೆ ಹೊರಗೆ ಹಾಕಿ, "ಟೇಪ್ ಇದ್ರೆ ಕೊಡಿ ಅಣ್ಣ," ಎಂದ.

ತಿಮ್ಮೇಶ್ ಟೇಪಿನ ಸುರುಳಿಯನ್ನು ಅವನ ಎದೆಗೆ ಎಸೆದ. "ಸರ್ಯಾಗಿ ಸುತ್ತು. ಶಾರ್ಟ್ ಆದ್ರೆ ಗಾಡಿ ಸುಟ್ಹೋಗ್ತದೆ."

ಮೇ ತಿಂಗಳ ಎರಡನೆಯ ವಾರ, ಮಧ್ಯಾಹ್ನ, ಮಾನ್ವಿ ದಾಟಿದ ಮೇಲೆ ಲಾರಿ ರಸ್ತೆ ಬಿಟ್ಟು ಇಳಿದು ಬೇವಿನ ಮರಕ್ಕೆ ಗುದ್ದಿತು. ಬ್ರೇಕ್ ಒತ್ತಿದ ಗುರುತು ರಸ್ತೆಯ ಮೇಲಿರಲಿಲ್ಲ. ಗದ್ದೆಯಲ್ಲಿದ್ದವರು ಓಡಿಬಂದು ಎಳೆದಾಗ ಚಿದಂಬರನ ಮೈ ಕೆಂಡದಂತಿತ್ತು, ಬೆವರು ಒಂದು ಹನಿಯೂ ಇರಲಿಲ್ಲ, ಬಿಸಿಲು ಬಡಿದವರಂತೆ ಸಂಬಂಧವಿಲ್ಲದ ಮಾತಾಡುತ್ತಿದ್ದ. ಎಡಗಾಲು ಕ್ಲಚ್ಚಿನ ಹತ್ತಿರ ಸಿಕ್ಕಿಕೊಂಡಿತ್ತು.

ಡ್ರೈವರ್‌ಗೆ ನಿದ್ದೆ ಬಂದಿತ್ತು ಎಂದು ಬಸವಕುಮಾರ್ ಎಲ್ಲರಿಗೂ ಹೇಳಿದ್ದಾನೆ. ಪರಿಹಾರ ಕೇಳಿದಾಗಲೂ ಅದೇ ಮಾತು.

"ನಿದ್ದೆಯಂತೆ!" ಜುಲೈನ ಮೋಡದ ಬೆಳಗಿನಲ್ಲಿ ತಿಮ್ಮೇಶ್ ಒಂದು ಟೆಂಪೋದ ಕೆಳಗಿನಿಂದ ಕೂಗುತ್ತಾನೆ. "ಕಾದ ಬಾಣ್ಲೀಲಿ ಯಾವನಿಗ್ರೀ ನಿದ್ದೆ ಬತ್ತದೆ? ಕ್ಯಾಬಿನ್ ಬಾಗ್ಲು ಮುಟ್ಟಕ್ಕೆ ಆಗ್ತಿರ್ಲಿಲ್ವಂತೆ, ಟವೆಲ್ ಸುತ್ಕೊಂಡು ತೆಗೆದವ್ರೆ. ಅದನ್ನ ಬರ್ಕೊಳೋರು ಯಾರು?" ಬಸವಕುಮಾರನ ಅಂಗಡಿಯ ಮುಂದೆ ನಿಂತು ಅವನು ಇದನ್ನೆಲ್ಲ ಕೂಗಿ ಹೇಳಿ ಬಂದಿದ್ದಾನೆ. ಅಲ್ಲಿ ಕಾಯಿ ಎಣಿಸುತ್ತಿದ್ದವರು ಎಣಿಸುತ್ತಲೇ ಇದ್ದರು. ಎಲ್ಲಿಗೆ ಕರೆದರೂ ಬಂದು ಸಾಕ್ಷಿ ಹೇಳುತ್ತೇನೆ ಎನ್ನುತ್ತಾನೆ. ಇನ್ನೂ ಯಾರೂ ಕರೆದಿಲ್ಲ.

ಹಾರನಹಳ್ಳಿಯಲ್ಲಿ ಅಣ್ಣಮ್ಮ ಶಾಲೆಯ ಬಿಸಿಯೂಟಕ್ಕೆ ಅಡುಗೆ ಮಾಡಿ ಬಂದು, ಗಂಡನನ್ನು ಎತ್ತಿ ಕೂರಿಸಿ, ಕಟ್ಟು ಬಿಚ್ಚಿ ಗಾಯ ತೊಳೆಯುತ್ತಾಳೆ. ತಿಮ್ಮೇಶ್ ಭಾನುವಾರ ಹೋದಾಗಲೆಲ್ಲ ಚಿದಂಬರ ಕೇಳುವುದು ಒಂದೇ: "ವೈರ್ ಕತ್ತರ್ಸ್ದೆ ನಾನು ಗುಂಡಿ ಆರ್ಸೇ ಇಟ್ಕೊಬೋದಾಗಿತ್ತು, ಅಲ್ವಾ ಅಣ್ಣ?" ತಿಮ್ಮೇಶನಿಗೆ ಆಗಲೂ ಸಿಟ್ಟೇ ಬರುತ್ತದೆ. "ನೀನ್ಯಾಕ್ ಆರ್ಸ್ಬೇಕಿತ್ತಲಾ?" ಎಂದು ಗದರುತ್ತಾನೆ. ಅಣ್ಣಮ್ಮ ಒಳಗಿನಿಂದ, "ಮೆತ್ತಗೆ ಮಾತಾಡಿ, ಬೀದಿಗೆಲ್ಲ ಕೇಳ್ತದೆ," ಎನ್ನುತ್ತಾಳೆ. "ಕೇಳ್ಲಿ ಬಿಡಕ್ಕ," ಎನ್ನುತ್ತಾನೆ ಅವನು.

ಶೆಡ್ಡಿಗೆ ಈಗ ಯಾವ ಲಾರಿ ಬಂದರೂ ಅವನು ಮೊದಲು ಗುಂಡಿ ಒತ್ತುವುದಿಲ್ಲ. ಡ್ರೈವರ್‌ನ ಮುಖ ನೋಡಿ ಕೇಳುತ್ತಾನೆ: "ಎಸಿಗೆ ಸುಡೋ ಡೀಸೆಲ್ ಯಾರದ್ದು?" ಉತ್ತರ ಕೇಳಿದ ಮೇಲೆ ಮಾಲೀಕನ ನಂಬರ್ ಕೇಳುತ್ತಾನೆ. ಕೆಲವರು ನಂಬರ್ ಕೊಡುತ್ತಾರೆ. ಹೆಚ್ಚಿನವರು ಗಾಡಿ ತಿರುಗಿಸಿಕೊಂಡು ಗ್ಯಾಸ್ ತುಂಬುವ ಅಂಗಡಿಗೆ ಹೋಗುತ್ತಾರೆ.

ಲಾರಿಯ ಮುಂಭಾಗ ಹೋಯಿತು, ಅದಕ್ಕೆ ವಿಮೆ ಬಂತು. ಲೋಡಿನಲ್ಲಿ ಅರ್ಧದಷ್ಟು ಎಳನೀರು ಒಡೆದುಹೋಯಿತು, ಉಳಿದದ್ದನ್ನು ಬೇರೆ ಲಾರಿಗೆ ತುಂಬಿ ಅದೇ ಸಂಜೆ ಹೈದರಾಬಾದಿಗೆ ಕಳಿಸಿದರು. ತಿಮ್ಮೇಶನಿಗೆ ಆರು ಲಾರಿಗಳ ಕೆಲಸ ಹೋಯಿತು. ಚಿದಂಬರನಿಗೆ ಎಡಗಾಲು ಹೋಯಿತು, ಮೊಣಕಾಲಿನಿಂದ ಕೆಳಗೆ.