ಮೊಣಕೈವರೆಗಿನ ಕೆಂಪು ಗ್ಲೌಸ್

ಲಿಜ್ಜಿ ಕಂಡ ಮೊದಲ ಕೊರಿಯನ್ ಪೆಟ್ಟು ಸೌಟಿನದ್ದು. ಇಪ್ಪತ್ತೆರಡು ವರ್ಷದ ಹಿಂದೆ, ಕುವೈತಿನ ಮಹಬೂಲಾದಲ್ಲಿದ್ದ ಕೊರಿಯನ್ ಕಂಪನಿಯ ಗೆಸ್ಟ್ ಹೌಸಿನ ಅಡುಗೆಮನೆಗೆ ಅವಳು ಕಾಲಿಟ್ಟು ಒಂಬತ್ತು ದಿನವಾಗಿತ್ತು. ಡೈರೆಕ್ಟರ್ ಚ್ವೆ ಊಟದ ಮೇಜಿನ ತಲೆಯಲ್ಲಿ ಕುಳಿತಿದ್ದ. ಹೊಸದಾಗಿ ಬಂದ ಎಂಜಿನಿಯರೊಬ್ಬ ಅವನಿಗಿಂತ ಮೊದಲು ಚಮಚ ಎತ್ತಿಬಿಟ್ಟ. ಚ್ವೆ ಸಾರಿನ ಪಾತ್ರೆಯಲ್ಲಿದ್ದ ಸ್ಟೀಲ್ ಸೌಟು ತೆಗೆದು ಅವನ ನೆತ್ತಿಗೆ ಬಾರಿಸಿದ. ಬಿಸಿ ಸಾರು ಕಿವಿಯ ಹಿಂದಿನಿಂದ ಕಾಲರಿನೊಳಗೆ ಇಳಿಯಿತು. ಪೆಟ್ಟು ತಿಂದವನು ಎದ್ದು ನಿಂತು, ಎರಡೂ ಕೈ ತೊಡೆಗೆ ಅಂಟಿಸಿ ತಲೆಬಾಗಿದ. ಉಳಿದ ಹದಿನಾಲ್ಕು ಮಂದಿ ಉಣ್ಣತೊಡಗಿದರು. ಚ್ವೆ ಅದೇ ಸೌಟನ್ನು ಮತ್ತೆ ಸಾರಿಗೆ ಇಳಿಸಿದ. ನೆಲ ಒರೆಸಿದ್ದು ಲಿಜ್ಜಿ.

ಗಂಡಸಿಗೆ ಗಂಡಸು ಹೊಡೆದು, ಹೊಡೆಸಿಕೊಂಡವನು ಬಗ್ಗಿ ನಿಲ್ಲುವುದು ಅವಳಿಗೆ ಹೊಸದು. ಹೆಂಗಸಿಗೆ ಹೊಡೆಯುವುದು ಹೊಸದಲ್ಲ. ಬ್ನೇದ್ ಅಲ್ ಗಾರ್‌ನ ಹಳೆ ಕಟ್ಟಡದ ಮೂರನೇ ಮಹಡಿಯ ಒಂದೇ ಕೋಣೆಯಲ್ಲಿ ಅವಳ ಗಂಡ ಜೋಕಿಮ್ ಅದನ್ನು ದಿನಚರಿಯಂತೆ ಮಾಡುತ್ತಿದ್ದ. ಗೋದಾಮೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದ ಅವನಿಗೆ ಆಗ ಹೆಂಡತಿಯನ್ನು ತನ್ನ ಇಕಾಮಾದ, ಅಂದರೆ ವಾಸದ ಪರವಾನಗಿಯ, ಮೇಲೆ ಕರೆಸಿಕೊಳ್ಳುವಷ್ಟು ಸಂಬಳವಿರಲಿಲ್ಲ. ಹಾಗಾಗಿ ಕಿನ್ನಿಗೋಳಿಯ ಲಿಜ್ಜಿ ಈ ಕಂಪನಿಯ ಅಡುಗೆಯವಳೆಂದು, ಸ್ವಂತ ವೀಸಾದಲ್ಲಿ, ಸ್ವಂತ ಇಕಾಮಾದಲ್ಲಿ ಕುವೈತಿಗೆ ಬಂದಳು. ಆ ಚೀಟಿಯ ಬೆಲೆ ಇಬ್ಬರಿಗೂ ಆಗ ತಿಳಿದಿರಲಿಲ್ಲ.

ಅಡುಗೆ ಕಲಿಸಿದವಳು ಚ್ವೆಯ ಹೆಂಡತಿ. ಸಾಹೇಬನ ಹೆಂಡತಿಯನ್ನು ಅವರ ಭಾಷೆಯಲ್ಲಿ ಸಮೊನಿಮ್ ಎನ್ನುತ್ತಿದ್ದರು. ಲಿಜ್ಜಿಯೂ ಹಾಗೇ ಕರೆದಳು. ನವೆಂಬರ್ ಬಂತೆಂದರೆ ಉದ್ದನೆಯ ಎಲೆಕೋಸುಗಳ ಲೋಡು ಬರುತ್ತಿತ್ತು. ಐದಾರು ಹೆಂಗಸರು ನೆಲದ ಮೇಲೆ ಕುಳಿತು, ರಾತ್ರಿಯಿಡೀ ಉಪ್ಪುನೀರಿನಲ್ಲಿ ನೆನೆದ ಕೋಸಿನ ಒಂದೊಂದು ಎಲೆ ಬಿಡಿಸಿ, ಮೆಣಸು, ಬೆಳ್ಳುಳ್ಳಿ, ಮೀನಿನ ರಸ ಕಲಸಿದ ಮಸಾಲೆಯನ್ನು ಬುಡದವರೆಗೂ ತಿಕ್ಕುವುದು. ಒಂದು ಎಲೆ ಬಿಟ್ಟರೂ ಕಿಮ್ಚಿ ಎಂಬ ಆ ಉಪ್ಪಿನಕಾಯಿ ಅಲ್ಲಿಂದಲೇ ಹಾಳಾಗುತ್ತದೆ ಎಂದು ಸಮೊನಿಮ್ ಕೈಸನ್ನೆಯಲ್ಲಿ ಹೇಳಿಕೊಟ್ಟಳು. ಎಲ್ಲರ ಕೈಯಲ್ಲೂ ಮೊಣಕೈವರೆಗಿನ ಕೆಂಪು ರಬ್ಬರ್ ಗ್ಲೌಸ್. ಕೆಲಸ ಮುಗಿದು ಗ್ಲೌಸ್ ತೆಗೆದಾಗ ಸಮೊನಿಮ್‌ಳ ಮಣಿಕಟ್ಟಿನ ಸುತ್ತ ಹಳದಿ, ನೇರಳೆ. ನಾಲ್ಕು ಬೆರಳು ಒಂದು ಹೆಬ್ಬೆರಳಿನ ಗುರುತು. ಲಿಜ್ಜಿಯ ಕಣ್ಣು ಅಲ್ಲೇ ನಿಂತದ್ದು ಕಂಡು ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

“ಸೂಪ್ ಕೋಲ್ಡ್,” ಎಂದಳು.

ಲಿಜ್ಜಿ ಅಂಗಿಯ ತೋಳು ಮಡಚಿ ತನ್ನ ಗುರುತು ತೋರಿಸಿದಳು. “ಮೀನಿಗೆ ಉಪ್ಪು ಜಾಸ್ತಿ.”

ಭಾಷೆ ಬೇಕಾಗಲಿಲ್ಲ. ಮರುದಿನ ಸಮೊನಿಮ್ ಹೊಸ ಗ್ಲೌಸಿನ ಒಂದು ಜೊತೆ ತಂದುಕೊಟ್ಟಳು. ಅಂದಿನಿಂದ ಲಿಜ್ಜಿ ಪಾತ್ರೆ ತೊಳೆಯುವಾಗ ಮಾತ್ರವಲ್ಲ, ತರಕಾರಿ ಹೆಚ್ಚುವಾಗಲೂ, ಮೇಜಿಗೆ ಬಡಿಸುವಾಗಲೂ ಗ್ಲೌಸ್ ಹಾಕತೊಡಗಿದಳು. ಶುಚಿಯ ಹೆಂಗಸು ಎಂದು ಗಂಡಸರು ಮೆಚ್ಚಿಕೊಂಡರು.

ನಾಲ್ಕು ವರ್ಷಕ್ಕೆ ಚ್ವೆ ಹೋದ. ಆಮೇಲೆ ಬಂದವರಲ್ಲಿ ಹೆಂಡತಿಯರು ಕಡಿಮೆಯಾದರು. ನಂತರ ಒಬ್ಬಳೂ ಬರಲಿಲ್ಲ. ಅವರಿಗೆ ಸೋಲ್‌ನಲ್ಲಿ ತಮ್ಮದೇ ಕೆಲಸವಿತ್ತು. ಯಾರಾದರೂ ಸೌಟು ಎತ್ತಿದರೆ ಲಿಜ್ಜಿಯ ಹೆಗಲು ತಾನಾಗಿ ಕುಗ್ಗುತ್ತಿತ್ತು, ಆದರೆ ಸೌಟು ಸಾರಿಗೇ ಇಳಿಯುತ್ತಿತ್ತು. ಒಮ್ಮೆ ಒಬ್ಬ ಮ್ಯಾನೇಜರ್ ಕಿರಿಯನ ಎದೆಗೆ ಫೈಲಿನಿಂದ ಹೊಡೆದಾಗ, ಆ ಕಿರಿಯ ಬಗ್ಗಲಿಲ್ಲ. ಫೋನ್ ತೆಗೆದು ಮೇಜಿನ ಮೇಲೆ ಇಟ್ಟು ರೆಕಾರ್ಡ್ ಒತ್ತಿದ. ಮ್ಯಾನೇಜರನ ಕೈ ಗಾಳಿಯಲ್ಲೇ ನಿಂತಿತು. ತಿಂಗಳೊಳಗೆ ಅವನನ್ನು ವಾಪಸ್ ಕರೆಸಿಕೊಂಡರು. ಹಿರಿಯ ಚಮಚ ಎತ್ತುವವರೆಗೆ ಕಾಯುವುದೂ ನಿಂತಿತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬೊಬ್ಬರೇ ಬಂದು, ಪ್ಯಾಕೆಟ್ ಅನ್ನವನ್ನು ಮೈಕ್ರೋವೇವ್‌ನಲ್ಲಿ ಬಿಸಿಮಾಡಿ ತಿಂದು ಹೋಗುವವರು ಹೆಚ್ಚಿದರು. ಅವಳನ್ನು ಕರೆಯುವ ಹೆಸರೂ ಬದಲಾಯಿತು. ಮೊದಲು ‘ಅಜುಮ್ಮಾ’ — ಯಾವುದೋ ಒಬ್ಬ ಹೆಂಗಸು. ಆಮೇಲೆ ‘ಇಮೊ’ — ಚಿಕ್ಕಮ್ಮ. ಈಗ ‘ಲಿಜ್ಜಿ-ಸ್ಸಿ’, ಹೆಸರಿಗೆ ಮರ್ಯಾದೆ ಸೇರಿಸಿ.

ಒಬ್ಬ ಗಂಡಸು ಉಂಡ ಬಟ್ಟಲನ್ನು ತಾನೇ ತೊಳೆಯಲು ಸಿಂಕಿನ ಮುಂದೆ ನಿಂತ ಮೊದಲ ದಿನ ಲಿಜ್ಜಿ ಹೆದರಿ ಅವನ ಕೈಯಿಂದ ಸ್ಪಂಜು ಕಿತ್ತುಕೊಂಡಿದ್ದಳು. ಅವನು ನಗುತ್ತಾ ಮತ್ತೆ ತೆಗೆದುಕೊಂಡ. ವಾರದೊಳಗೆ ಆರು ಮಂದಿ ತೊಳೆಯತೊಡಗಿದರು. ಒಂದು ರಾತ್ರಿ ಊಟದ ಹೊತ್ತಿನಲ್ಲಿ ಅವಳು ಅದನ್ನು ಒಂದು ವಿಚಿತ್ರ ಎಂಬಂತೆ ಜೋಕಿಮನಿಗೆ ಹೇಳಿದಳು. ಅವನು ಉಂಡು ತಟ್ಟೆ ಖಾಲಿಮಾಡಿದ. ಬಳಿಕ ಅವಳ ಕುತ್ತಿಗೆ ಹಿಡಿದು ಸಿಂಕಿಗೆ ಬಗ್ಗಿಸಿದ. ಅಂಚಿಗೆ ಬಡಿದು ಮುಂದಿನ ಹಲ್ಲು ಅರ್ಧ ಮುರಿಯಿತು. ಆ ತಟ್ಟೆಯನ್ನು ಮೂರು ಸಲ ತೊಳೆಸಿ, ಪ್ರತಿ ಸಲ ಬೆರಳಿಂದ ಉಜ್ಜಿ ನೋಡಿದ.

ಹೋದ ವರ್ಷ ಈಸ್ಟರ್ ಮರುದಿನ ಅವಳು ಮೊದಲ ಬಾರಿ ಕೋಣೆ ಬಿಟ್ಟು ಹೋದಳು. ಪಕ್ಕೆಲುಬಿನ ನೋವಿಗೆ ಮೆಟ್ಟಿಲಿಳಿಯಲು ಕಾಲು ಗಂಟೆ ಬೇಕಾಯಿತು. ಗೆಸ್ಟ್ ಹೌಸಿನ ಲಾಂಡ್ರಿ ಪಕ್ಕದ ಕೋಣೆಯಲ್ಲಿ ಮೂರು ದಿನ ಮಲಗಿದಳು. ಜೋಕಿಮ್ ಕಂಪನಿಯ ಆಫೀಸಿಗೆ ಹೋಗಿ ಕೂಗಾಡಿದ. ಅವಳ ಕಫೀಲ್, ಅಂದರೆ ಇಕಾಮಾದ ಹೊಣೆ ಹೊತ್ತದ್ದು, ಕಂಪನಿ, ನೀವಲ್ಲ ಎಂದು ಅಲ್ಲಿ ಹೇಳಿ ಕಳಿಸಿದರು. ಆ ದಿನ ಇಬ್ಬರಿಗೂ ಆ ಚೀಟಿಯ ಬೆಲೆ ಒಟ್ಟಿಗೇ ತಿಳಿಯಿತು.

ಅವಳು ಕೋಣೆಗೆ ಮರಳಿದಂದಿನಿಂದ ಅವನು ಒಂದೇ ಹಟ ಹಿಡಿದ. ಈಗ ಸೂಪರ್‌ವೈಸರ್ ಆಗಿದ್ದ, ಸಂಬಳ ಸಾಕಿತ್ತು. ಕಂಪನಿಯದ್ದು ಖಲಾಸ್ ಮಾಡಿ ನನ್ನ ಇಕಾಮಾಕ್ಕೆ ಬಾ ಎಂದ. ಬಂದರೆ ಏನಾಗುತ್ತದೆ ಎಂಬುದನ್ನೂ ಅವನೇ ಬಿಡಿಸಿ ಹೇಳಿದ್ದ: ಆಮೇಲೆ ಎಲ್ಲಿ ಓಡುತ್ತೀ ನೋಡುವ, ನಾನು ಒಂದು ಸಹಿ ಹಾಕಿದರೆ ನೀನು ವಿಮಾನ ಹತ್ತಬೇಕು.

ಲಿಜ್ಜಿಗೆ ಇನ್ನೊಂದು ಕಡೆಯಿಂದಲೂ ನೆಲ ಕುಸಿಯುತ್ತಿತ್ತು. ತಾವೇ ಬೇಯಿಸಿಕೊಳ್ಳುವ, ತಾವೇ ತೊಳೆಯುವ ಗಂಡಸರಿಗೆ ಅಡುಗೆಯವಳು ಯಾಕೆ? ಅವಳು ಮನಸ್ಸಿನಲ್ಲೇ ಹರಸಿದ ಒಂದೊಂದು ಬಟ್ಟಲೂ ಅವಳ ಕೆಲಸದಿಂದ ಒಂದೊಂದು ಚೂರು ಕತ್ತರಿಸಿಕೊಂಡು ಹೋಗಿತ್ತು. ಅಕ್ಟೋಬರಿನಲ್ಲಿ ಆಡಳಿತ ನೋಡಿಕೊಳ್ಳುವ ಮಿಸ್ ಹಾನ್ ಅವಳನ್ನು ಕೂರಿಸಿ ತಿಳಿಸಿದಳು. ಅಡುಗೆಯ ಹುದ್ದೆ ಮುಗಿಯಿತು. ಬೇಕಿದ್ದರೆ ಕ್ಲೀನರ್ ಕೆಲಸವಿದೆ: ಎರಡು ಮಹಡಿ, ಹದಿನಾಲ್ಕು ಬಾತ್‌ರೂಮು, ಹಾಸಿಗೆ ಬಟ್ಟೆ, ಕಡಿಮೆ ಸಂಬಳ, ಲಾಂಡ್ರಿ ಪಕ್ಕದ ಕೋಣೆ. ಇಕಾಮಾ ಕಂಪನಿಯಲ್ಲೇ ಉಳಿಯುತ್ತದೆ. ನವೆಂಬರಿನ ಮೂರನೇ ಗುರುವಾರದೊಳಗೆ ಸಹಿ ಹಾಕಬೇಕು.

ಗಂಡಸರು ಉಚ್ಚೆ ಹೊಯ್ದ ನೆಲ ತಿಕ್ಕುವುದು ಅಡುಗೆಗಿಂತ ಕೀಳು ಎಂದು ಲಿಜ್ಜಿಗೂ ಅನ್ನಿಸಿತು. ಗಡುವಿನ ದಿನದವರೆಗೂ ಅವಳು ಯಾವ ಕಾಗದಕ್ಕೂ ಸಹಿ ಹಾಕಲಿಲ್ಲ.

ಆ ಗುರುವಾರವೇ ಕೊನೆಯ ಕಿಮ್ಚಿ. ಒಂದು ಸಲ ಲಿಜ್ಜಿ-ಸ್ಸಿಯ ಕೈಯದ್ದು ಬೇಕು ಎಂದು ಎಲ್ಲರೂ ಕೇಳಿದ್ದರು. ನಲವತ್ತು ಕೋಸು. ರಜೆಯಲ್ಲಿದ್ದ ಜುನ್ ಎಂಬ ಎಂಜಿನಿಯರ್ ಅವಳ ಎದುರು ಚಾಪೆಯ ಮೇಲೆ ಕುಳಿತು ತಾನೂ ಗ್ಲೌಸ್ ಹಾಕಿಕೊಂಡು ಎಲೆ ಬಿಡಿಸುತ್ತಿದ್ದ. ಹನ್ನೆರಡಕ್ಕೆ ಝಹೀರ್ ಬಂದ. ಕಂಪನಿಯ ಕಾಗದಪತ್ರ ಹಿಡಿದು ಸರಕಾರಿ ಕಚೇರಿ ಸುತ್ತುವವನು, ಬಂಟ್ವಾಳ ಕಡೆಯ ಬ್ಯಾರಿ. ಅವನ ಹಿಂದೆಯೇ ಜೋಕಿಮ್.

ಝಹೀರ್ ಮೇಜಿನ ಮೇಲೆ ಎರಡು ಕಾಗದ ಇಟ್ಟ. “ಲಿಜ್ಜಿ ಬಾಯಿ, ಒಂದು ಕ್ಯಾನ್ಸಲ್, ಒಂದು ರಿನ್ಯೂವಲ್. ಎರಡೂ ತಂದಿದ್ದೇನೆ. ನೀವು ಗಂಡ ಹೆಂಡತಿ ಮಾತಾಡಿ. ಎರಡು ಗಂಟೆಗೆ ಸರಕಾರಿ ಆಫೀಸ್ ಬಂದ್ ಆಗ್ತದೆ.”

“ಮಾತಾಡ್ಲಿಕ್ಕೆ ಎಂಥ ಉಂಟು?” ಎಂದ ಜೋಕಿಮ್. “ಕ್ಯಾನ್ಸಲಿಗೆ ಹಾಕ್ತಾಳೆ. ಈ ಬೋಳಿಮಕ್ಕಳ ಕಕ್ಕಸು ತೊಳಿಯುವ ಗತಿ ನನ್ನ ಹೆಂಡತಿಗೆ ಬರಲಿಲ್ಲ.”

ಲಿಜ್ಜಿ ಕೈಯಲ್ಲಿದ್ದ ಕೋಸಿನ ಕೊನೆಯ ಎಲೆಗೆ ಮಸಾಲೆ ತಿಕ್ಕಿ, ಮಡಚಿ, ಡಬ್ಬಿಯಲ್ಲಿ ಒತ್ತಿದಳು. ಎದ್ದು ನಿಂತಳು.

“ನಿನ್ನದು ಇಪ್ಪತ್ತೆರಡು ವರ್ಷ ತೊಳೆದಿದ್ದೇನೆ,” ಎಂದಳು. “ಇವರದ್ದಕ್ಕೆ ಇಕಾಮಾ ಆದರೂ ಕೊಡ್ತಾರೆ. ಝಹೀರ್ ಭಾಯಿ, ರಿನ್ಯೂವಲಿಂದು ಕೊಡಿ.”

ಜೋಕಿಮ್ ಅವಳ ಜುಟ್ಟಿಗೆ ಕೈ ಹಾಕಿದ. ತಲೆಯನ್ನು ಫ್ರಿಜ್ಜಿನ ಬಾಗಿಲಿಗೆ ಒಮ್ಮೆ ಬಡಿದ, ಮತ್ತೊಮ್ಮೆ ಬಡಿದ. ತಗಡು ತಗ್ಗಾಯಿತು. ಝಹೀರ್ ಕಾಗದಗಳನ್ನು ಎತ್ತಿಕೊಂಡು ಹಿಂದೆ ಸರಿದು, ಊರಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ, ಬಿಡಿ ಪೊರ್ಬುಗಳೇ, ಜನ ನೋಡುತ್ತಾರೆ ಎಂದ. ಕೈ ಮಾತ್ರ ಮುಂದೆ ಬರಲಿಲ್ಲ. ಜುನ್ ಎದ್ದು ಜೋಕಿಮನ ತೋಳು ಹಿಡಿದ. ಜೋಕಿಮ್ ಮೊಣಕೈಯಿಂದ ಅವನ ಮೂಗಿಗೆ ತಿವಿದ. ಅವನು ಮುಖ ಮುಚ್ಚಿಕೊಂಡು ಕುಸಿದ, ಬೆರಳ ಸಂದಿಯಿಂದ ರಕ್ತ ಬಂತು. ಅಷ್ಟರಲ್ಲಿ ಲಿಜ್ಜಿ ತಿರುಗಿದ್ದಳು. ಜೋಕಿಮ್ ಅವಳ ಎಡಗೈಯ ಎರಡು ಬೆರಳು ಹಿಡಿದು ಹಿಂದಕ್ಕೆ ಮಡಚಿದ. ಒಂದು ಮುರಿದದ್ದು ಎಲ್ಲರಿಗೂ ಕೇಳಿಸಿತು.

ಅವಳ ಬಲಗೈ ಖಾಲಿಯಿತ್ತು. ಮೊಣಕೈವರೆಗೆ ಮೆಣಸಿನ ಮಸಾಲೆ ಮೆತ್ತಿದ ಗ್ಲೌಸಿನ ಕೈ. ಅದನ್ನು ಅವನ ಮುಖದ ಮೇಲೆ ಇಟ್ಟಳು. ಬಡಿಯಲಿಲ್ಲ. ಮುರಿದ ಬೆರಳಿದ್ದ ತೋಳನ್ನು ಅವನ ಕತ್ತಿನ ಹಿಂದೆ ಹಾಕಿ ಒತ್ತಿ ಹಿಡಿದು, ಕೋಸಿಗೆ ತಿಕ್ಕಿದ ಹಾಗೆ ತಿಕ್ಕಿದಳು: ಎರಡು ರೆಪ್ಪೆಯ ಸಂದಿಗೆ, ಮೂಗಿನ ಹೊಳ್ಳೆಗೆ, ತುಟಿ ಬಿಡಿಸಿ ಒಸಡಿಗೆ, ಮತ್ತೆ ಕಣ್ಣಿಗೆ, ಬುಡದವರೆಗೆ. ಅವನು ಅವಳ ಹೊಟ್ಟೆಗೆ ಗುದ್ದಿದ, ಮೊಣಕಾಲಿಗೆ ಒದ್ದ. ಅವಳು ಬಿಡಲಿಲ್ಲ. ಬಿಟ್ಟಾಗ ಅವನು ಉಪ್ಪುನೀರಿನ ಟಬ್ಬಿನ ಮೇಲೆ ಬಿದ್ದು, ಕುರುಡನಂತೆ ನೆಲ ತಡವುತ್ತಾ, ಹಂದಿ ಕೊಯ್ಯುವಾಗ ಕೇಳುವಂಥ ದನಿಯಲ್ಲಿ ಅರಚಿದ.

“ನೀರು. ಲಿಜ್ಜೀ, ನೀರು ಹಾಕೇ.”

ತಿಂಗಳುಗಳ ನಂತರ ಅವನ ಬಾಯಲ್ಲಿ ಅವಳ ಹೆಸರು. ಲಿಜ್ಜಿಯ ಕಾಲು ತಾನಾಗಿ ಎರಡು ಹೆಜ್ಜೆ ಸಿಂಕಿನತ್ತ ನಡೆದುಬಿಟ್ಟಿತ್ತು. ಕೈ ಚೊಂಬಿನ ಮೇಲಿತ್ತು. ಕೊಡುವುದಕ್ಕೆ ಯೋಚನೆಯೇ ಬೇಕಿರಲಿಲ್ಲ, ನಿಲ್ಲುವುದಕ್ಕೆ ಬೇಕಾಯಿತು. ಅವಳು ಚೊಂಬನ್ನು ಅಲ್ಲೇ ಬಿಟ್ಟಳು.

“ಸಿಂಕು ನಿನ್ನ ಬಲಗಡೆ ಉಂಟು,” ಎಂದಳು. “ನೀನೇ ತೊಳ್ಕೊ.”

ಅವನು ತೆವಳಿಕೊಂಡು ಹೋಗಿ, ಅಂಚು ಹಿಡಿದು ಎದ್ದು, ಮೊದಲು ಸಿಕ್ಕ ನಲ್ಲಿ ತಿರುಗಿಸಿ ಮುಖ ಒಡ್ಡಿದ. ಎಡದ ನಲ್ಲಿ ಬಿಸಿನೀರಿನದು. ಯಾವ ಅಡುಗೆಮನೆಯಲ್ಲೂ ಒಂದು ಲೋಟ ತೊಳೆಯದವನಿಗೆ ಅದು ಗೊತ್ತಿರಲಿಲ್ಲ. ಎರಡನೆಯ ಸಲ ಅರಚಿದ ಮೇಲೆ ಬಲದ್ದನ್ನು ಹುಡುಕಿಕೊಂಡ.

ಗಲಾಟೆ ಕೇಳಿ ಓಡಿ ಬಂದ ಮಿಸ್ ಹಾನ್ ಬಾಗಿಲಲ್ಲೇ ನಿಂತು ಪೊಲೀಸರಿಗೆ ಫೋನ್ ಮಾಡಿದಳು. ಅವರು ಬರುವವರೆಗೆ ಜೋಕಿಮ್ ನಲ್ಲಿಯ ಕೆಳಗಿಂದ ತಲೆ ಎತ್ತಲಿಲ್ಲ. ಬಂದವರು ಅವನನ್ನು ಟವೆಲ್ ಸುತ್ತಿ ಕರೆದುಕೊಂಡು ಹೋದರು. ಲಿಜ್ಜಿಯೂ ಠಾಣೆಗೆ ಬರಬೇಕು, ಇಬ್ಬರ ಮೇಲೂ ಕೇಸು ಆಗಬಹುದು ಎಂದರು. ಆಗಲಿ ಎಂದಳು ಲಿಜ್ಜಿ. ಅವಳನ್ನು ಮೊದಲು ಆಸ್ಪತ್ರೆಗೆ ಕಳಿಸಲು ಮಿಸ್ ಹಾನ್ ಪೊಲೀಸರನ್ನು ಒಪ್ಪಿಸಿದಳು.

ಊದಿಕೊಂಡ ಎಡಗೈಯಿಂದ ಗ್ಲೌಸ್ ಬರಲಿಲ್ಲ. ಮೂಗಿಗೆ ಹತ್ತಿ ತುರುಕಿಕೊಂಡ ಜುನ್ ಕತ್ತರಿ ತಂದು, ಮೊಣಕೈಯಿಂದ ಬೆರಳ ತುದಿಯವರೆಗೆ ಮೆಲ್ಲಗೆ ಕತ್ತರಿಸಿದ. ಗ್ಲೌಸ್ ಎರಡು ಹೋಳಾಗಿ ಬಿತ್ತು. ಒಳಗಿನ ತೋಳಿನಲ್ಲಿದ್ದ ಹಳೆಯ ಗುರುತುಗಳನ್ನೆಲ್ಲ ಮಿಸ್ ಹಾನ್ ಕೇಳದೆಯೇ ಫೋನಿನಲ್ಲಿ ಒಂದೊಂದಾಗಿ ಫೋಟೋ ತೆಗೆದಳು. ಲಿಜ್ಜಿ ತೋಳು ತಿರುಗಿಸಿ ತಿರುಗಿಸಿ ತೋರಿಸಿದಳು.

ಝಹೀರ್ ಇನ್ನೂ ಗೋಡೆಗೆ ಒರಗಿ ನಿಂತಿದ್ದ. ಅವಳು ಬಲಗೈಯ ಗ್ಲೌಸ್ ಕಳಚಿ, ಕೈ ತೊಳೆದು ಬಂದು ಪೆನ್ ಕೇಳಿದಳು. ಅವನು ರಿನ್ಯೂವಲ್ ಕಾಗದ ಮುಂದಿಟ್ಟ. ಸಹಿ ಹಾಕುವಾಗ ಹಣೆಯಿಂದ ಒಂದು ಹನಿ ರಕ್ತ ಅದರ ಮೇಲೆ ಬಿತ್ತು.

“ಇದನ್ನು ಅವರು ತೆಕೊಳ್ಳುವುದಿಲ್ಲ ಬಾಯಿ,” ಎಂದ ಅವನು ನೆಲ ನೋಡುತ್ತಾ. “ಕಲೆ ಇರಬಾರದು.”

“ಹಾಗಾದರೆ ಇನ್ನೊಂದು ತನ್ನಿ. ಎರಡು ಗಂಟೆಗೆ ಇನ್ನೂ ಹೊತ್ತುಂಟು.”

ಅವನು ಕೆಳಗಿನ ಆಫೀಸಿಗೆ ಓಡಿದ. ಅವನು ಬರುವವರೆಗೆ ಲಿಜ್ಜಿ ಕುರ್ಚಿಯಲ್ಲಿ ಕುಳಿತು, ಹಣೆಗೆ ಬಟ್ಟೆ ಒತ್ತಿಕೊಂಡು, ಉಳಿದ ಹನ್ನೊಂದು ಕೋಸಿಗೆ ಮಸಾಲೆ ತಿಕ್ಕುವ ರೀತಿಯನ್ನು ಜುನ್‌ಗೆ ಹೇಳಿಕೊಟ್ಟಳು. ಅವನು ಮೇಲುಮೇಲಿನ ಎಲೆಗಳಿಗೆ ಮಾತ್ರ ಹಚ್ಚುತ್ತಿದ್ದ.

“ಬುಡಕ್ಕೆ,” ಎಂದಳು ಲಿಜ್ಜಿ. “ಬುಡಕ್ಕೆ ಹಾಕು.”