ಊಟದ ದಾರಿ ಹೇಳುವ ಮುಸುರೆ ಗಾಡಿ

ಬೆಳಕು ಇನ್ನೂ ಬೀದಿಗೆ ಇಳಿದಿಲ್ಲ. ದೊಡ್ಡಾಸ್ಪತ್ರೆಯ ಎದುರು ಸಾಲಾಗಿ ನಿಂತ ಹೋಟೆಲುಗಳ ಬೆನ್ನ ಹಿಂದಿನ ಸಂದಿಯಲ್ಲಿ ಮೂರು ಗಾಲಿಯ ತುಳಿಗಾಡಿಯೊಂದು ಕಿರುಗುಟ್ಟುತ್ತ ಬಂದು ನಿಲ್ಲುತ್ತದೆ. ಗಾಡಿಯ ಮೇಲೆ ನೀಲಿ ಪೀಪಾಯಿಗಳು. ಇಳಿದವರು ರಬ್ಬರ್ ಬೂಟು ತೊಟ್ಟು, ತಲೆಗೆ ಟವೆಲು ಸುತ್ತಿಕೊಂಡ ಸಣಕಲು ಮನುಷ್ಯ. ಒಂದು ಹಿಂಬಾಗಿಲ ಪಕ್ಕದಲ್ಲಿಟ್ಟ ಬಕೆಟ್ಟಿನ ಹಿಡಿಕೆಗೆ ಎರಡು ಬೆರಳು ಹಾಕಿ ಚೂರು ಎತ್ತುತ್ತಾರೆ, ಇಳಿಸುತ್ತಾರೆ. ನಂಬಿಕೆ ಬಾರದವರಂತೆ ಮತ್ತೆ ಎತ್ತುತ್ತಾರೆ.

"ಇವತ್ತೂ ಹಗುರ," ಎನ್ನುತ್ತಾರೆ ತಮಗೆ ತಾವೇ. ಕಿಟಕಿಯ ಕಟ್ಟೆಯ ಮೇಲೆ ಅವರಿಗೆಂದೇ ಇಟ್ಟ ಚಹಾದ ಲೋಟ ಹಬೆಯಾಡುತ್ತಿದೆ. ಅದನ್ನು ಕೈಗೆತ್ತಿಕೊಳ್ಳಲು ಇವತ್ತು ಅವರಿಗೆ ಮನಸ್ಸಾಗುತ್ತಿಲ್ಲ.

ಬೀದಿಗೆ ಬೀದಿಯೇ ಇವರನ್ನು ಬಕೆಟ್ಟಣ್ಣ ಎಂದು ಕರೆಯುತ್ತದೆ. ಹೋಟೆಲುಗಳ ಮುಸುರೆ, ಉಳಿದ ಅನ್ನ, ತರಕಾರಿ ಸಿಪ್ಪೆ ಎಲ್ಲವನ್ನೂ ತುಂಬಿಕೊಂಡು ಊರಾಚೆಯ ಹಂದಿ ಸಾಕುವವರಿಗೆ ಮುಟ್ಟಿಸುವುದು ಇವರ ಕಸುಬು. ಬೀದಿ ನಾರದಿರುವುದು ಯಾರಿಂದ ಎಂದು ಯಾರೂ ಕೇಳುವುದಿಲ್ಲ; ಒಂದು ದಿನ ಗಾಡಿ ಬಾರದಿದ್ದರೆ ಮಾತ್ರ ಎಲ್ಲರ ಮೂಗೂ ಎಚ್ಚರಗೊಳ್ಳುತ್ತದೆ. ಇದು ಹಳೆಯ ಕತೆ. ಆದರೆ ಇವರಿಗೆ ಇನ್ನೊಂದು ಕೆಲಸವಿದೆ. ಅದಕ್ಕೆ ಸಂಬಳವಿಲ್ಲ, ಸಮವಸ್ತ್ರವಿಲ್ಲ, ಹೆಸರೂ ಇಲ್ಲ.

ಸಂದಿಯ ಕೆಲಸ ಮುಗಿಸಿ ಬೂಟು ತೊಳೆದುಕೊಂಡು ಅವರು ಆಸ್ಪತ್ರೆಯ ಗೇಟಿನ ಬಳಿ ಗಾಡಿ ನಿಲ್ಲಿಸುತ್ತಾರೆ. ರಾತ್ರಿಯೆಲ್ಲ ವಾರ್ಡಿನ ನೆಲದ ಮೇಲೆ ಮಲಗಿ ಎದ್ದವರು ಹೊರಗೆ ಬರುವ ಹೊತ್ತದು. ಎದುರಿಗೆ ಬೋರ್ಡುಗಳ ಕಾಡು. ಯಾವುದು ಶುಚಿ, ಯಾವುದು ಜೇಬಿಗೆ ಹಿತ, ಯಾವುದು ಮುಂದೆ ಥಳಕು ಹಿಂದೆ ಹುಳುಕು? ಫೋನಿನೊಳಗೆ ಹೋಟೆಲುಗಳಿಗೆ ಕೊಟ್ಟ ನಕ್ಷತ್ರಗಳಿವೆ, ನಿಜ. ಆ ನಕ್ಷತ್ರಗಳನ್ನು ಯಾರು ಬೆಳಗಿಸಿದರು, ಯಾವ ಎಣ್ಣೆ ಹಾಕಿ ಬೆಳಗಿಸಿದರು ಎಂಬುದು ಹಸಿದವನಿಗೆ ತಿಳಿಯುವುದಿಲ್ಲ. ಗೇಟಿನ ಕಾವಲುಗಾರ ಎಲ್ಲರಿಗೂ ಒಂದೇ ಕಡೆ ಕೈ ತೋರಿಸುತ್ತಾನೆ: "ಆ ಗಾಡಿಯವರನ್ನ ಕೇಳಿ. ಅವರು ಹೇಳಿದ ಕಡೆ ಕಣ್ಣುಮುಚ್ಚಿ ಉಣ್ಣಿ."

ಬಕೆಟ್ಟಣ್ಣನಿಗೆ ಅಡುಗೆಮನೆಗಳ ಗುಟ್ಟು ತಿಳಿಯುವುದು ಕೈಭಾರದಿಂದ. "ಸಂಜೆ ಉಳಿದದ್ದು ಬಕೆಟ್ಟಿಗೆ ಬೀಳಲಿಲ್ಲ ಅಂದ್ರೆ, ಬೆಳಿಗ್ಗೆ ತಟ್ಟೆಗೆ ಬೀಳುತ್ತೆ," ಎನ್ನುತ್ತಾರೆ. "ಎಲ್ಲಿ ಬಕೆಟ್ಟು ತುಂಬಿರುತ್ತೋ ಅಲ್ಲಿ ಹೆದರಿಕೆ ಇಲ್ಲ. ಎಲ್ಲಿ ಖಾಲಿ ಇರುತ್ತೋ ಅಲ್ಲಿ ನಿನ್ನೆಯ ಅನ್ನ ಇವತ್ತು ಬಿಸಿ ನೀರಲ್ಲಿ ಸ್ನಾನ ಮಾಡ್ಕೊಂಡು ಮದುವಣಗಿತ್ತಿ ಥರ ಬಂದು ಕೂತಿರುತ್ತೆ." ಹೇಳಿ ತಾವೇ ನಗುತ್ತಾರೆ. ಕೆಟ್ಟ ಹೋಟೆಲಿನ ಹೆಸರನ್ನು ಮಾತ್ರ ಎಂದೂ ಬಾಯಿ ಬಿಟ್ಟು ಹೇಳುವುದಿಲ್ಲ. ಒಳ್ಳೆಯದರ ಕಡೆ ಕೈ ತೋರಿಸುತ್ತಾರೆ, ಅಷ್ಟೆ. "ಬಕೆಟ್ಟಿನ ವಿಷಯ ಬಕೆಟ್ಟಿನವನೇ ಆಡ್ಕೊಂಡ್ರೆ ನಾಳೆ ಬಕೆಟ್ಟೇ ಸಿಗಲ್ಲ."

ಕೈಭಾರದ ಈ ಪಾಠವನ್ನು ಅವರು ಸುಮ್ಮನೆ ಕಲಿತದ್ದಲ್ಲ. ಎಷ್ಟೋ ವರ್ಷದ ಹಿಂದೆ, ತುಂಬಿದ ಬಸುರಿ ಹೆಂಡತಿಯನ್ನು ಕರೆದುಕೊಂಡು ಇದೇ ಆಸ್ಪತ್ರೆಗೆ ಬಂದಿದ್ದರು. ದೀಪದ ಬೋರ್ಡು ನೋಡಿ ಮರುಳಾಗಿ ಒಂದು ಹೋಟೆಲಿಗೆ ನುಗ್ಗಿದರು. ಅಲ್ಲಿ ಉಂಡ ಹೆಂಡತಿ ಆಸ್ಪತ್ರೆಯ ಜಗಲಿಯ ಮೇಲೆ ವಾಂತಿ ಮಾಡಿ ಮಾಡಿ ಬಾಡಿದ ಸೊಪ್ಪಿನಂತಾದರು. ಹೊಟ್ಟೆಯೊಳಗಿನ ಕೂಸು ಉಳಿದದ್ದೇ ಹೆಚ್ಚು. ಆಮೇಲೆ ಈ ಕಸುಬು ಸಿಕ್ಕಿ, ಅದೇ ಹೋಟೆಲಿನ ಹಿಂಬಾಗಿಲಿಗೆ ಮೊದಲ ಸಲ ಹೋದಾಗ ಬಕೆಟ್ಟಿನ ತಳ ಒಣಗಿತ್ತು. "ಆವತ್ತೇ ನಂಗೆ ಕಣ್ಣು ತೆರೀತು," ಎನ್ನುತ್ತಾರೆ. ಆ ಕೂಸೇ ಈಗ ಇದೇ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿಯುತ್ತಿರುವ ಮಗಳು.

ಇವರು ಕೈ ತೋರಿಸುವ ಹೋಟೆಲು ಸಂದಿಯ ತಿರುವಿನಲ್ಲಿದೆ. ಬೆರಳೆಣಿಕೆಯ ಮೇಜು, ಸುಣ್ಣ ಬಳಿದ ಗೋಡೆ, ಸದ್ದು ಮಾಡುವ ಒಂದು ಫ್ಯಾನು. ನಡೆಸುವ ಹೆಂಗಸನ್ನು ಎಲ್ಲರೂ ಅಕ್ಕ ಎನ್ನುತ್ತಾರೆ. ಗಂಡ ಸತ್ತ ಮೇಲೆ ಒಂಟಿಯಾಗಿ ಒಲೆ ಹಿಡಿದವರು. ಕೈ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ರೋಗಿಯ ಕಡೆಯವರು, ಆಟೋದವರು, ಬಟ್ಟೆ ಒಗೆಯುವ ಹೆಂಗಸರು, ನರ್ಸ್ ಹುಡುಗಿಯರು ಎಲ್ಲರಿಗೂ ಅಲ್ಲಿ ಹೊಟ್ಟೆ ತುಂಬುತ್ತದೆ, ಜೇಬು ಹರಿಯುವುದಿಲ್ಲ. ಕಿಟಕಿ ಕಟ್ಟೆಯ ಚಹಾ ಅಕ್ಕನದೇ. ಬಾಗಿಲ ಆಚೆ ಅಕ್ಕ, ಈಚೆ ಬಕೆಟ್ಟಣ್ಣ. ವರ್ಷಗಟ್ಟಲೆಯ ಗೆಳೆತನ ಆ ಕಟ್ಟೆಯ ಮೇಲೆಯೇ ನಡೆದಿದೆ. ಮುಸುರೆಯವನು ಹೊಸ್ತಿಲು ದಾಟಬಾರದೆಂಬ ನಿಯಮವನ್ನು ಯಾರು ಬರೆದರೋ ಗೊತ್ತಿಲ್ಲ. ಈ ಬೀದಿಯ ಎಲ್ಲ ಹಿಂಬಾಗಿಲುಗಳೂ ಅದನ್ನು ಬಾಯಿಪಾಠ ಮಾಡಿಕೊಂಡಿವೆ. ಊರಿಗೆಲ್ಲ ಊಟ ತೋರಿಸುವವರು ತಮ್ಮ ಬುತ್ತಿಯನ್ನು ಗಾಡಿಯ ನೆರಳಲ್ಲಿ ಕೂತು ಉಣ್ಣುತ್ತಾರೆ. ಅಕ್ಕನ ಕೈಯಡುಗೆಯ ರುಚಿ ಅವರಿಗೆ ಗೊತ್ತಿಲ್ಲ. ಅದರ ಭಾರವಷ್ಟೇ ಗೊತ್ತು.

ಆ ಭಾರ ಇಳಿಯತೊಡಗಿದ್ದು ಕಟ್ಟಡದ ಮಾಲೀಕ ಬಾಡಿಗೆ ಏರಿಸಿದ ಮೇಲೆ. ಬೀದಿಯ ಆ ತುದಿಯಲ್ಲಿ ಗಾಜಿನ ಕಟ್ಟಡ ಎದ್ದಿತು, ಈ ತುದಿಯ ಗೋಡೆಗಳಿಗೂ ಬೆಲೆ ಬಂತು. ಗೋಡೆಗೆ ಬೆಲೆ ಬಂದಾಗ ಒಳಗಿನ ಮನುಷ್ಯರ ಬೆಲೆ ಇಳಿಯುತ್ತದೆ. ಈ ಲೆಕ್ಕವನ್ನು ಯಾವ ಶಾಲೆಯೂ ಹೇಳಿಕೊಡುವುದಿಲ್ಲ, ಯಾವ ಕಚೇರಿಯೂ ಅಲ್ಲಗಳೆಯುವುದಿಲ್ಲ. ಒಂದು ಮುಂಜಾನೆ ಅಕ್ಕನ ಬಕೆಟ್ಟು ಎರಡು ಬೆರಳಿಗೇ ಮೇಲೆದ್ದು ಬಂತು. ಮರುದಿನ ಇನ್ನೂ ಹಗುರ. ಕಟ್ಟೆಯ ಮೇಲಿನ ಚಹಾವನ್ನು ಬಕೆಟ್ಟಣ್ಣ ಆ ಮುಂಜಾನೆ ಮುಟ್ಟಲಿಲ್ಲ. ಕಷ್ಟ ಬಂತೆಂದು ಅಕ್ಕನೂ ನಿನ್ನೆಯದನ್ನು ಇವತ್ತಿಗೆ ದಾಟಿಸಲು ಶುರು ಮಾಡಿದರೇ?

ಕೇಳುವುದು ಹೇಗೆ? ಕೇಳಿದರೆ ಗೆಳೆತನ ಹೋಗುತ್ತದೆ, ಕೇಳದಿದ್ದರೆ ನಿದ್ದೆ ಹೋಗುತ್ತದೆ. ಮೊದಲು ಮಗಳಿಗೆ ಹೇಳಿದರು: "ಸ್ವಲ್ಪ ದಿನ ಅಕ್ಕನ ಹತ್ರ ಊಟ ಬೇಡವ್ವಾ." ಆಮೇಲೆ ಗೇಟಿನ ಬಳಿ ಕೇಳಿದವರಿಗೆಲ್ಲ ಬೀದಿಯ ಮೂಲೆಯ ಇನ್ನೊಂದು ಹೋಟೆಲು ತೋರಿಸತೊಡಗಿದರು. ಅಲ್ಲಿ ಬಕೆಟ್ಟು ತುಂಬಿರುತ್ತದೆ, ದರವೂ ತುಂಬಿ ತುಳುಕುತ್ತದೆ. ಆ ಮಾತನ್ನು ಕಾವಲುಗಾರನೂ ದಾಟಿಸಿದ, ಆಟೋದವರೂ ದಾಟಿಸಿದರು. ಇತ್ತ ಅಕ್ಕನ ಬಕೆಟ್ಟು ದಿನದಿಂದ ದಿನಕ್ಕೆ ಹಗುರವಾಗುತ್ತಲೇ ಹೋಯಿತು. ಹಗುರವಾದಷ್ಟೂ ಇವರ ಅನುಮಾನ ಭಾರವಾಯಿತು.

"ಹಾಸಿಗೆ ಮೇಲೆ ಹೊರಳಾಡ್ತಿದ್ರು," ಎನ್ನುತ್ತಾರೆ ಹೆಂಡತಿ. "ನಾನು ಅಂದೆ, ಊರ ಹೊಟ್ಟೆ ಚಿಂತೆ ನಿಮಗ್ಯಾಕೆ, ಡಾಕ್ಟರು ಅಲ್ಲೇ ಇದಾರಲ್ಲ! ಅದಕ್ಕೆ ಇವರು ಏನಂದ್ರು ಗೊತ್ತಾ? ಡಾಕ್ಟರ ಹತ್ರ ಹೋಗೋದು ಆಮೇಲೆ, ನನ್ನ ಹತ್ರ ಬರೋದು ಮೊದಲು."

ಗಂಟು ಬಿಚ್ಚಿದವಳು ಮಗಳು. ಒಂದು ಸಂಜೆ ಹೊಟ್ಟೆ ಹಿಡಿದುಕೊಂಡು ಮನೆಗೆ ಬಂದಳು, ಮುಖ ಸುಣ್ಣವಾಗಿತ್ತು. ಬಕೆಟ್ಟಣ್ಣ ಕೂತಲ್ಲಿಂದ ಎದ್ದರು. "ಬೇಡ ಅಂದ್ರೂ ಅಕ್ಕನ ಹತ್ರ ಉಂಡ್ಯಾ? ನಿಜ ಹೇಳು!"

"ಅಲ್ಲಿಗೆ ಕಾಲಿಟ್ಟಿದ್ರೆ ಕೇಳಪ್ಪ!" ಮಗಳು ಸಿಡಿದಳು. "ಮೂಲೆ ಹೋಟ್ಲಲ್ಲಿ ಉಂಡ್ರೆ ಬಸ್ಸಿಗೆ ಉಳಿಯಲ್ಲ. ಮಧ್ಯಾಹ್ನ ಒಂದು ಬನ್ನು ತಿಂದು ನೀರು ಕುಡೀತಿದ್ದೀನಿ. ಹೊಟ್ಟೆ ಕೆಟ್ಟಿಲ್ಲ ಕಣಪ್ಪಾ, ಖಾಲಿಯಾಗಿದೆ. ನಾನೊಬ್ಳೇ ಅಲ್ಲ, ವಾರ್ಡಿನಲ್ಲಿರೋ ಅರ್ಧ ಜನ ಹೀಗೇ ಇದಾರೆ."

ಆ ಮಾತು ಅವರನ್ನು ಬಕೆಟ್ಟಿನಂತೆ ಬೋರಲು ಹಾಕಿತು. ಕೆಟ್ಟ ಊಟದಿಂದ ಜನರನ್ನು ಕಾಯಲು ಹೋಗಿ ಅವರ ಊಟವನ್ನೇ ಕಿತ್ತುಕೊಂಡೆನೇ? ಮರುದಿನ ಮುಸುರೆ ಮುಟ್ಟಿಸಿ, ಮೈ ಉಜ್ಜಿ ತೊಳೆದು, ಒಗೆದ ಅಂಗಿ ತೊಟ್ಟು, ನಡು ಮಧ್ಯಾಹ್ನ ಅಕ್ಕನ ಹಿಂಬಾಗಿಲಿಗೆ ಬಂದರು. ಆ ಹೊತ್ತಿನಲ್ಲಿ ಅವರು ಆ ಬಾಗಿಲನ್ನು ಕಂಡದ್ದೇ ಇಲ್ಲ. ಊಟದ ಹೊತ್ತು, ಆದರೂ ತಟ್ಟೆಯ ಸದ್ದಿಲ್ಲ.

"ಏನೋ ಇದು, ಸೂರ್ಯ ಎಲ್ಲಿ ಹುಟ್ಟಿದ?" ಅಕ್ಕ ಸೌಟು ಹಿಡಿದೇ ಬಂದರು.

"ಅಕ್ಕಾ, ಒಂದು ಮಾತು ಕೇಳ್ತೀನಿ, ಬೈಬೇಡ. ಸಂಜೆ ಉಳಿದಿದ್ದನ್ನ ಏನು ಮಾಡ್ತೀಯ?"

"ಉಳಿಯೋದಾ?" ಅಕ್ಕ ನಕ್ಕರು, ಆ ನಗುವಿನಲ್ಲಿ ಉಪ್ಪಿರಲಿಲ್ಲ. "ಬಾಡಿಗೆ ಏರಿದ ದಿನವೇ ದೊಡ್ಡ ಪಾತ್ರೆ, ಮಧ್ಯದ ಪಾತ್ರೆ ಎರಡನ್ನೂ ಅಟ್ಟಕ್ಕೆ ಹಾಕಿದೆ. ಈಗ ಚಿಕ್ಕ ಪಾತ್ರೆ, ಮೂರು ಸಲ ಒಲೆ. ಬಂದಷ್ಟು ಜನಕ್ಕೆ ಅಷ್ಟಷ್ಟೇ ಬೇಯಿಸ್ತೀನಿ, ಒಂದು ಅಗುಳೂ ಚೆಲ್ಲಲ್ಲ. ಹಾಗೆ ಸಂಭಾಳಿಸ್ಕೊಂಡು ಹೋಗ್ತಿದ್ದೆ. ಈಗ ಬೇಯಿಸೋಕೆ ಜನವೇ ಇಲ್ಲ. ನೀನು ಆ ಕಡೆ ಹೋದ ಮೇಲೆ ಗೇಟಿನ ಹತ್ರ ಬೇರೆ ಯಾವನೋ ನನ್ನ ಹೊಟ್ಟೆ ಮೇಲೆ ಹೊಡೀತಿದಾನೆ. ಕೇಳಿದವರನ್ನೆಲ್ಲ ಮೂಲೆಗೆ ಕಳಿಸ್ತಾನಂತೆ. ಕೈಗೆ ಸಿಗಲಿ, ಇದೇ ಸೌಟು!"

ಬಕೆಟ್ಟಣ್ಣ ತಲೆಯ ಟವೆಲು ತೆಗೆದು ಕೈಯಲ್ಲಿ ಹಿಡಿದರು. "ಹೊಡಿ ಅಕ್ಕಾ. ಅದು ನಾನೇ."

ಬಕೆಟ್ಟು ಹಗುರವಾದದ್ದು, ತಮಗೆ ಬಂದ ಅನುಮಾನ, ಮಗಳ ಹಸಿವು ಎಲ್ಲವನ್ನೂ ಅವರು ತೊದಲುತ್ತ ಹೇಳಿದರು. ಚೆಲ್ಲದೆಯೂ ಶುಚಿಯಾಗಿ ಬದುಕಬಹುದೆಂಬುದು ಅವರ ಎರಡು ಬೆರಳಿಗೆ ಗೊತ್ತಿರಲಿಲ್ಲ. ಉಳ್ಳವರ ಹೋಟೆಲುಗಳು ಕಲಿಸಿದ ಅಳತೆ ಅದು: ಎಸೆಯುವವನೇ ಪ್ರಾಮಾಣಿಕ. ಇಲ್ಲದವಳ ಪ್ರಾಮಾಣಿಕತೆಗೆ ಆ ಬಕೆಟ್ಟಿನಲ್ಲಿ ತೂಕವೇ ಇರಲಿಲ್ಲ.

"ಅಲ್ವೋ ಮಂಕೇ," ಎಂದರು ಅಕ್ಕ, "ಇಷ್ಟು ವರ್ಷ ನನ್ನ ಮುಸುರೆ ಮೂಸಿದೀಯ. ಒಂದು ಸಲ ಒಳಗೆ ಬಂದು ಪಾತ್ರೆ ನೋಡೋಕೆ ಏನು ಬಂದಿತ್ತು ನಿಂಗೆ?"

"ಕರೀಲಿಲ್ಲವಲ್ಲಕ್ಕಾ ಯಾರೂ."

ಅಕ್ಕ ಸೌಟನ್ನು ಕಟ್ಟೆಯ ಮೇಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: "ಕೈ ತೊಳ್ಕೊ. ಇಲ್ಲಿಂದಲ್ಲ, ಸುತ್ತಾಕಿಕೊಂಡು ಮುಂಬಾಗಿಲಿಂದ ಬಾ."

ಮುಂಬಾಗಿಲಲ್ಲಿ ಅವರ ಕಾಲು ಎಡವಿತು. ಒಳಗಿದ್ದ ಒಬ್ಬನೇ ಗಿರಾಕಿ ಗುರುತು ಹಿಡಿದು ಮೂಗಿಗೆ ಕೈ ಒಯ್ದ, ತಟ್ಟೆ ಎತ್ತಿಕೊಂಡು ಆಚೆ ಮೇಜಿಗೆ ಸರಿಯಲು ಎದ್ದ. "ಸರೀರಿ, ಸರೀರಿ," ಎಂದರು ಅಕ್ಕ ಒಲೆಯ ಬಳಿಯಿಂದಲೇ. "ಅವರು ಕಾಲು ಚಾಚಿ ಕೂರಲಿ. ಮೊದಲ ಸಲ ಈ ಮೇಜಿಗೆ ನಿಮ್ಮನ್ನ ಕಳಿಸಿದ್ದೂ ಅವರೇ." ಗಿರಾಕಿ ಎದ್ದಲ್ಲೇ ಮತ್ತೆ ಕೂತ. ಬಕೆಟ್ಟಣ್ಣ ತಲೆ ತಗ್ಗಿಸಿ ಬಿಸಿ ಅನ್ನ ಕಲಸಿದರು. ಒಂದು ಅಗುಳೂ ಉಳಿಸದೆ ಉಂಡರು.

ಕತೆ ಸುಖವಾಗಿ ಮುಗಿದಿದೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಹೋದ ಗಿರಾಕಿ ಕರೆದ ಕೂಡಲೇ ಬರುವ ಹಸುವಲ್ಲ. ಮಾಲೀಕ ದಿನಾ ಬಾಗಿಲ ಮುಂದೆ ಹಾದು ಹೋಗುತ್ತಾನೆ, ಗೋಡೆಗಳನ್ನು ಕಣ್ಣಲ್ಲೇ ಅಳೆಯುತ್ತಾನೆ. "ಈ ತಿಂಗಳು ನೋಡ್ತೀನಿ, ಆಗಲಿಲ್ಲ ಅಂದ್ರೆ ಬೀಗ," ಎಂದಿದ್ದಾರೆ ಅಕ್ಕ. ಬಕೆಟ್ಟಣ್ಣ ಈಗ ನಸುಕಿನಲ್ಲಿ ಬಕೆಟ್ಟು ಮುಟ್ಟಿದ ಮೇಲೆ ಕಿಟಕಿಯೊಳಗೆ ಇಣುಕಿ ಪಾತ್ರೆಯನ್ನೂ ನೋಡುತ್ತಾರೆ. ಮಧ್ಯದ ಪಾತ್ರೆ ಅಟ್ಟದಿಂದ ಇಳಿದಿದೆ. ದೊಡ್ಡದು ಇನ್ನೂ ಮೇಲೆಯೇ ಇದೆ.

"ಅದೊಂದು ಇಳಿದು ಬಿಟ್ರೆ ಸಾಕು," ಎನ್ನುತ್ತಾರೆ, ಚಹಾ ಹೀರುತ್ತ. "ನಂಗೆ ಬೇರೇನೂ ಬೇಡ."

ಬಿಸಿಲು ಗೇಟಿಗೆ ಬಂದಿದೆ. ಕೈಯಲ್ಲಿ ಎಕ್ಸ್‌ರೇ ಚೀಲ ಹಿಡಿದು, ಕಂಕುಳಲ್ಲಿ ಮಗು ಎತ್ತಿಕೊಂಡ ಒಬ್ಬಾಕೆ ಬೋರ್ಡುಗಳ ಕಾಡನ್ನು ನೋಡುತ್ತ ನಿಂತಿದ್ದಾಳೆ. ಕಾವಲುಗಾರ ಗಾಡಿಯ ಕಡೆ ಕೈ ತೋರಿಸುತ್ತಾನೆ. ಆಕೆ ಪೀಪಾಯಿಗಳನ್ನು ನೋಡಿ ಅನುಮಾನಿಸುತ್ತಾಳೆ. ಮುಸುರೆ ಹೊರುವವನಿಗೆ ಊಟದ ವಿಷಯ ಏನು ಗೊತ್ತು?

"ಆ ತಿರುವಿನಲ್ಲಿ ಅಕ್ಕನ ಹೋಟ್ಲಿದೆ ನೋಡಿ ತಾಯೀ, ಅಲ್ಲಿಗೆ ಹೋಗಿ," ಎನ್ನುತ್ತಾರೆ ಬಕೆಟ್ಟಣ್ಣ. ಇಷ್ಟು ವರ್ಷ ಅವರ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಈಗ ಬೆನ್ನು ನೆಟ್ಟಗೆ ಮಾಡಿ ಇನ್ನೊಂದು ಮಾತು ಸೇರಿಸುತ್ತಾರೆ:

"ನಾನೂ ಅಲ್ಲೇ ಕೂತು ಉಂಡಿದ್ದೀನಿ."